ಗಿರಾಕಿ ಬರುವ ಮುಂಚಿನ ಕಂಪ್ಯೂಟರ್ ಪಾಠ

ಹುಬ್ಬಳ್ಳಿಯ ದಾಜಿಬಾನಪೇಟೆಯ ಓಣಿಗಳಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೇಪರ್ ಹಂಚುವವರು ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ಕೂತು ಪುರವಣಿಗಳನ್ನು ಒಳಗೆ ಸೇರಿಸುತ್ತಿದ್ದಾರೆ. ಪಕ್ಕದ ಹಳೆಯ ಕಟ್ಟಡದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಷಟರ್ ಅರ್ಧಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಗೋಡೆಗುಂಟ ಗವಸು ತೊಟ್ಟ ಟೈಪ್‌ರೈಟರುಗಳು, ಮೂಲೆಯಲ್ಲಿ ಲಗ್ನಪತ್ರಿಕೆಗಳ ಕಟ್ಟು, ಅದರಾಚೆ ನಾಲ್ಕು ಕಂಪ್ಯೂಟರು. ಅವುಗಳ ಹಿಂದೆ, ಧಾರವಾಡದಿಂದ ಮೊದಲ ಬಸ್ಸಿಗೆ ಬಂದ ಬಿಂದುಮಾಧವ ಗಲಗಲಿ ಮಾಸ್ತರರು ಕೈಕಟ್ಟಿ ನಿಂತಿದ್ದಾರೆ. ಕಿವಿಗೆ ಸುತ್ತಿದ ಮಫ್ಲರನ್ನು ಇನ್ನೂ ತೆಗೆದಿಲ್ಲ.

ಸುಳ್ಳ ಗ್ರಾಮದ ಭುವನೇಶ್ವರಿ ಈ ವರ್ಷವಷ್ಟೇ ಬಿ.ಬಿ.ಎ.ಗೆ ಸೇರಿದ್ದಾಳೆ. ಕಂಪ್ಯೂಟರಿನ ಮುಂದೆ ಕೂರುತ್ತಿರುವುದು ಇದೇ ಮೊದಲು. ಮುಟ್ಟಿದರೆ ಏನಾದೀತೋ ಎಂಬಂತೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಾಳೆ.

"ಸರ್, ಚಾಲೂ ಮಾಡಿ ಕೊಡ್ರಿ."

"ಇಲ್ಲವ್ವಾ. ನೀನ ಮಾಡು."

"ಬಟನ್ ಎಲ್ಲೈತ್ರಿ?"

"ಹುಡುಕು. ಅವಸರ ಇಲ್ಲ."

ಹುಡುಗಿ ಗೋಡೆ ನೋಡುತ್ತಾಳೆ. ಗೋಡೆಯಿಂದ ಇಳಿದ ವೈರನ್ನು ಕಣ್ಣಿನಿಂದಲೇ ಹಿಂಬಾಲಿಸಿ ಮೇಜಿನ ಕೆಳಗೆ ಬಗ್ಗುತ್ತಾಳೆ. ಯುಪಿಎಸ್‌ನ ಗುಂಡಿ ಒತ್ತಿದೊಡನೆ ಅದು ಕಿರ್ರೆಂದದ್ದಕ್ಕೆ ಬೆಚ್ಚಿ ಕೈ ಹಿಂತೆಗೆಯುತ್ತಾಳೆ. ಉಳಿದ ಕಂಪ್ಯೂಟರುಗಳ ಮುಂದೆ ಕೂತ ಹುಡುಗರು ನಗುತ್ತಾರೆ. ಮಾಸ್ತರರು ನಗುವುದಿಲ್ಲ. ಕೊನೆಗೆ ಡಬ್ಬಿಯ ಗುಂಡಿಯೂ ಸಿಕ್ಕು, ಒಳಗಿನ ಫ್ಯಾನು ತಿರುಗಿ, ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದಾಗ ಅವಳ ಮುಖ ಅರಳುತ್ತದೆ.

"ಛಲೋ. ಈಗ ಬಂದ್ ಮಾಡು. ಮತ್ತ ಚಾಲೂ ಮಾಡು."

ಇದೇ ಮೊದಲ ದಿನದ ಪಾಠ. ಬರೀ ಹಚ್ಚುವುದು, ಆರಿಸುವುದು. ಇಷ್ಟಕ್ಕೆ ಒಂದು ಇಡೀ ಮುಂಜಾನೆ ಯಾಕೆ ಎಂದು ಕೇಳಿದರೆ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಾರೆ. "ಹೇಳ್ತೇನ್ರಿ. ಮೊದ್ಲ ಇವರಿಗೆ ಕೆಲಸಾ ಹಚ್ಚಿ ಬರ್ತೇನಿ."

ಉಳಿದವರಿಗೆ ಇಂದಿನ ಪಾಠ ಮೆಣಸಿನಕಾಯಿಯದು. ಹಿಂದಿನ ವಾರ ಅವರೆಲ್ಲ ಅಮರಗೋಳದ ಮಾರುಕಟ್ಟೆಗೆ ಹೋಗಿ ಒಬ್ಬ ದಲಾಲರ ಅಂಗಡಿಯಲ್ಲಿ ಕೂತು ಬಂದಿದ್ದಾರೆ. ಯಾವ ಚೀಲ ಎಂದು ಬಂತು, ಯಾವುದು ಹಸಿ ಇದೆ, ಯಾವುದನ್ನು ಮೊದಲು ಸಾಗಹಾಕಬೇಕು ಎಂಬುದನ್ನು ದಲಾಲರು ಹೇಗೆ ನಿರ್ಧರಿಸುತ್ತಾರೆಂದು ಕೇಳಿಕೊಂಡಿದ್ದಾರೆ. ಅದನ್ನು ಈಗ ಕಂಪ್ಯೂಟರಿಗೆ ತಿಳಿಯುವಂತೆ ಬಿಡಿಸಬೇಕು. ಒಬ್ಬ ಹುಡುಗ ಅವಸರದಿಂದ ಕೀಲಿಮಣೆಗೆ ಕೈ ಹಾಕುತ್ತಾನೆ. ಮಾಸ್ತರರು ಮೆಲ್ಲಗೆ ತಡೆಯುತ್ತಾರೆ.

"ಅದಕ್ಕ ಏನ್ ತಿಳೀತದಪಾ, ಪಾಪ. ನಾವು ಹೇಳಿದಷ್ಟ ಮಾಡ್ತದ. ದಲಾಲ ಸಾಹುಕಾರಗ ಮುಂಜಾನೆದ್ದ ಕೂಡ್ಲೆ ಏನು ಗೊತ್ತಾಗಬೇಕು? ಅದನ್ನ ಮೊದ್ಲ ಹಾಳಿ ಮ್ಯಾಲೆ ಬರಿ. ಆಮ್ಯಾಲೆ ಮಿಷನ್ನು."

ಹುಡುಗರು ಹಾಳೆಗೆ ಬಗ್ಗಿದ ಮೇಲೆ ಮಾಸ್ತರರು ನನ್ನ ಕಡೆ ತಿರುಗಿ ಹೇಳತೊಡಗುತ್ತಾರೆ. ಬಿಂದುಮಾಧವ ಮಾಸ್ತರರು ಓದಿದ್ದು ವಾಣಿಜ್ಯ, ಕಲಿಸುತ್ತಿದ್ದುದು ಸಂಖ್ಯಾಶಾಸ್ತ್ರ. ತೊಂಬತ್ತರ ದಶಕದ ನಡುವೆ ಹುಬ್ಬಳ್ಳಿಯ ಅವರ ಕಾಲೇಜಿನಲ್ಲಿ ವಾಣಿಜ್ಯದ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ವಿಷಯ ಬಂತು. ಕಲಿಸುವವರು ಯಾರೂ ಇರಲಿಲ್ಲ. ಲೆಕ್ಕ ಬಲ್ಲವರೆಂಬ ಕಾರಣಕ್ಕೆ ಇವರನ್ನು ಬೇಸಿಗೆಯಲ್ಲಿ ಕೆಲವು ವಾರ ತರಬೇತಿಗೆ ಕಳಿಸಿ, ಮರಳಿ ಬಂದ ದಿನವೇ 'ಕಂಪ್ಯೂಟರ್ ಸರ್' ಮಾಡಿದರು.

ಮರುವರ್ಷ ಯಂತ್ರಗಳೂ ಬಂದವು. ಅವುಗಳಿಗಾಗಿ ಗಾಜಿನ ಬಾಗಿಲಿನ ಕೋಣೆ ಸಿದ್ಧವಾಯಿತು. ನೆಲಕ್ಕೆ ಜಮಖಾನೆ, ಗೋಡೆಗೆ ಏಸಿ. ಚಪ್ಪಲಿ ಹೊರಗೆ ಬಿಡಬೇಕೆಂಬ ಫಲಕವೂ ತೂಗಿತು. ಆದರೆ ಉದ್ಘಾಟನೆಗೆ ಬರಬೇಕಾದ ದೊಡ್ಡವರು ಬರಲಿಲ್ಲ. ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೋಣೆಯ ಕೀಲಿ ಪ್ರಾಚಾರ್ಯರ ಕಪಾಟಿನಲ್ಲಿ ಉಳಿಯಿತು.

"ಕೇಳಿದಾಗೆಲ್ಲಾ ಪ್ರಾಚಾರ್ಯರು ನಕ್ಕೋತ ಹೇಳ್ತಿದ್ರು, 'ಗಲಗಲಿಯವರ, ದೊಡ್ಡವರ ಕೈಲೆ ಉದ್ಘಾಟನಾ ಆಗ್ಲಿ, ಮುಂದ ನಿಮ್ದ ರಾಜ್ಯ' ಅಂತ. ನಾನೂ ನಕ್ಕು ಹೊಳ್ಳಿ ಬರ್ತಿದ್ದೆ. ನಮ್ಮ ಮನ್ಯಾಗ ದೊಡ್ಡವರ ಮುಂದ ದನಿ ಏರಿಸೂ ಪದ್ಧತಿ ಇದ್ದಿದ್ದಿಲ್ರಿ."

ಯಂತ್ರವಿಲ್ಲದೆ ಪಾಠ ನಡೆಯಿತು. ಸೀರೆ ಡಬ್ಬಿಯ ರಟ್ಟಿನ ಮೇಲೆ ಕೀಲಿಮಣೆ ಬರೆದು ಹಂಚಿದರು. ಹುಡುಗರು ಅದರ ಮೇಲೆಯೇ ಬೆರಳು ಆಡಿಸಿದರು. ತರಗತಿಯನ್ನೇ ಕಂಪ್ಯೂಟರ್ ಮಾಡಿದರು. ಒಬ್ಬ ಅಂಕಿ ತಂದುಕೊಡುವವನು, ಒಬ್ಬ ಕೂಡಿಸುವವನು, ಒಬ್ಬಳು ನೆನಪಿಡುವವಳು. ಬಾಗಿಲ ಬಳಿ ನಿಂತವನು 'ಹೌದು' ಎಂದರೆ ಎಡಕ್ಕೆ, 'ಅಲ್ಲ' ಎಂದರೆ ಬಲಕ್ಕೆ ಹೋಗಬೇಕು.

ನೆನಪಿಡುವವಳು ಯಾವಾಗಲೂ ಮೌಲಾಬಿಯೇ. ಹಳೇ ಹುಬ್ಬಳ್ಳಿಯ ಹುಡುಗಿ. ಅಪ್ಪ ಕಬ್ಬಿಣದ ಅಂಗಡಿಯಲ್ಲಿ ಹಮಾಲರು. ಒಂದು ದಿನ ಮಾಸ್ತರರೇ ಬರೆದ ಲೆಕ್ಕದಂತೆ ಹುಡುಗರು ಬೆಂಚುಗಳ ಸುತ್ತ ತಿರುಗತೊಡಗಿದರು. ಗಂಟೆ ಹೊಡೆಯಿತು, ಮುಂದಿನ ತರಗತಿಯವರು ಬಾಗಿಲಿಗೆ ಬಂದರು, ಇವರು ತಿರುಗುತ್ತಲೇ ಇದ್ದರು. ಆಗ ಮೌಲಾಬಿ ಮೂಲೆಯಿಂದ ಕೇಳಿದಳಂತೆ: "ಸರ್, ಇವ್ರು ನಿಲ್ಲೂದು ಎಲ್ರಿ? ನಿಲ್ಲಂತ ನೀವು ಬರದ ಇಲ್ಲ."

ಇದನ್ನು ಹೇಳುವಾಗ ಮಾಸ್ತರರು ಮನಸಾರೆ ನಗುತ್ತಾರೆ. "ನನ್ನ ತಪ್ಪು ಹಿಡದಾಕಿ ಆಕೀ ಒಬ್ಬಾಕಿನ. ಎಷ್ಟು ಖುಷಿ ಆತಂದ್ರ, ಅವತ್ತು ನಾ ಮನಿಗೆ ಹೋಗಿ ಹೇಳ್ಕೊಂಡೆ." ಮರುಕ್ಷಣ ನಗು ಇಳಿಯುತ್ತದೆ.

೧೯೯೭ರಲ್ಲಿ ಪರೀಕ್ಷೆ ಮುಗಿದೊಡನೆ ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಮೌಲಾಬಿಗೆ ಸಂದರ್ಶನದ ಕರೆ ಬಂತು. ಉಗ್ರಾಣದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ಕೆಲಸ. ಮಾಸ್ತರರೇ ಅವಳ ಹೆಸರು ಹೇಳಿ ಕಳಿಸಿದ್ದರು. ಅವಳ ಮನೆಯಲ್ಲಿ ಒಪ್ಪಿಗೆ ಅಷ್ಟು ಸುಲಭವಾಗಿರಲಿಲ್ಲ. ಒಂದೇ ಒಂದು ಸಲ ಹೋಗಿ ಬರಲಿ, ಆದರೆ ಆಯಿತು, ಆಗದಿದ್ದರೆ ಇಲ್ಲ ಎಂಬ ಮಾತಿನ ಮೇಲೆ ಅಪ್ಪ ತಾವೇ ಕರೆದುಕೊಂಡು ಹೋದರು.

ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಉತ್ತರಿಸಿದಳು. ಮಾಲು ಬಂದದ್ದು, ಹೋದದ್ದು, ಕಡಿಮೆಯಾದಾಗ ಎಚ್ಚರಿಸುವುದು ಎಲ್ಲವನ್ನೂ ಹಾಳೆಯ ಮೇಲೆ ಚೌಕ, ಬಾಣ ಹಾಕಿ ತೋರಿಸಿದಳು. ಮ್ಯಾನೇಜರ್ ತಲೆದೂಗಿ, ಪಕ್ಕದ ಮೇಜಿನ ಕಂಪ್ಯೂಟರ್ ತೋರಿಸಿದರು. "ಚಾಲೂ ಮಾಡ್ರಿ. ಇದನ್ನ ಇದರಾಗ ಮಾಡಿ ತೋರಸ್ರಿ."

ಮೌಲಾಬಿ ಪರದೆಯ ಕೆಳಗಿದ್ದ ಗುಂಡಿ ಒತ್ತಿದಳು. ಒಂದು ಪುಟ್ಟ ದೀಪ ಹತ್ತಿತು, ಪರದೆ ಕಪ್ಪಾಗಿಯೇ ಇತ್ತು. ಈಗ ಬರುತ್ತದೆ, ಇನ್ನೊಂದು ಗಳಿಗೆಗೆ ಬರುತ್ತದೆ ಎಂದು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಮೇಜಿನ ಕೆಳಗಿನ ಡಬ್ಬಿಗೆ ಬೇರೆಯೇ ಗುಂಡಿ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ರಟ್ಟಿನ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ಕೋಣೆಯಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. "ಅದು ಟೀವಿ ಅಲ್ಲವ್ವಾ ತಂಗಿ" ಅಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನಿಗೂ ಅದು ಕೇಳಿಸಿತು.

ಮರುದಿನ ಅವಳು ಕಾಲೇಜಿಗೆ ಬಂದು, ಸ್ಟಾಫ್ ರೂಮಿನ ಹೊಸ್ತಿಲ ಮೇಲೆ ನಿಂತೇ ಮಾತಾಡಿದಳಂತೆ.

"ಸರ್, ಒಳಗಿಂದೆಲ್ಲಾ ಕಲಿಸಿದ್ರಿ. ಬಾಗಲಾ ಎಲ್ಲೈತಿ ಅಂತ ಹೇಳಲಿಲ್ಲಲ್ರಿ."

ಬೈಗುಳವೂ ಅಲ್ಲ, ಅಳುವೂ ಅಲ್ಲ. ಲೆಕ್ಕದಲ್ಲಿ ತಪ್ಪು ತೋರಿಸಿದ ಅದೇ ದನಿಯಲ್ಲಿ ಹೇಳಿ ಹೊರಟುಹೋದಳು.

"ಬೈದಿದ್ರ ಭೇಷಿತ್ರಿ" ಎನ್ನುತ್ತಾರೆ ಮಾಸ್ತರರು. "ಆಕಿಗಿಂತ ಮೊದಲಿನ ಹುಡುಗರೂ ಹಂಗ ಹೋದ್ರು. ದಂಡಿ ಮ್ಯಾಲೆ ಕೂಡಿಸಿ ಈಸು ಕಲಿಸಿದಂಗಾತು. ಅವರೆಲ್ಲಾ ಎಲ್ಲೆಲ್ಲಿ ಹಿಂಗ ಕೂತು ಎದ್ದು ಬಂದಾರೋ, ಬಂದು ಹೇಳಲಿಲ್ಲ ಅಷ್ಟ."

ಅಂದು ಮಧ್ಯಾಹ್ನ ಅವರು ಪ್ರಾಚಾರ್ಯರ ಕೋಣೆಗೆ ಹೋಗಿ, ಕೂರದೆ ನಿಂತೇ ಕೀಲಿ ಕೇಳಿದರು. ಹುಡುಗರು ಮುಟ್ಟಿ ಹಾಳಾದರೆ ಯಾರು ಹೊಣೆ ಎಂದು ಪ್ರಾಚಾರ್ಯರು ಕೇಳಿದರು.

"'ಹುಡುಗ್ರು ಹಾಳಾಗ್ಲಿಕ್ಕತ್ತಾರಲ್ರಿ ಸರ್, ಅದಕ್ಕ ಯಾರು ಹೊಣಿ?' ಅಂದೆ. ನನ್ನ ದನಿ ನನಗ ಹೊಸಾದು ಅನಿಸ್ತು. ಕೀಲಿ ಸಿಗಲಿಲ್ಲ. ಆದ್ರ ಅದನ್ನ ಅನ್ನಲಿಕ್ಕೆ ಅಷ್ಟು ದಿನಾ ಯಾಕ ತಗೊಂಡೆ ಅನ್ನೂದಕ್ಕ ಇವತ್ತಿಗೂ ಉತ್ತರಾ ಸಿಕ್ಕಿಲ್ಲ."

ಕೀಲಿ ಸಿಗದ ಮೇಲೆ ಅವರು ಊರಲ್ಲಿ ಕಂಪ್ಯೂಟರ್ ಇದ್ದ ಬಾಗಿಲುಗಳನ್ನೆಲ್ಲ ತಟ್ಟಿದರು. ಹಲವರು ಆಗುವುದಿಲ್ಲ ಅಂದರು. ಈ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಗುರುಸಿದ್ದಯ್ಯನವರು ಆಗಷ್ಟೇ ಲಗ್ನಪತ್ರಿಕೆ ತಯಾರಿಸಲು ಎರಡು ಯಂತ್ರ ತಂದಿದ್ದರು. ಟೈಪಿಂಗ್ ಕಲಿಯುವವರು ಕಡಿಮೆಯಾಗಿ, ಉದ್ಯೋಗ ಬದಲಿಸುವ ಹೊತ್ತು ಅವರಿಗೂ ಬಂದಿತ್ತು.

ಗುರುಸಿದ್ದಯ್ಯನವರಿಗೆ ಆ ದಿನ ಚೆನ್ನಾಗಿ ನೆನಪಿದೆ. "ಇಷ್ಟು ಮೆತ್ತಗ ಮಾತಾಡೋ ಮನಷಾ ಬಾಗಲದಾಗ ನಿಂತು 'ನಾ ಹೋಗೂದಿಲ್ಲ' ಅಂದ್ರು. ನಾ ಏನ್ ಮಾಡ್ಲಿ? ಎಂಟಕ್ಕ ಗಿರಾಕಿ ಬರ್ತಾರ್ರಿ ಸರ್, ಅದಕ್ಕ ಮೊದ್ಲ ಮಿಷನ್ ಸುಮ್ನ ಕುಂತಿರ್ತಾವ, ಕಲಿಸ್ಕೋರಿ ಅಂದೆ. ಬಾಡಿಗಿ ಬ್ಯಾಡ, ನಮ್ಮ ಪತ್ರಿಕಾದಾಗ ಒತ್ತು, ದೀರ್ಘ ತಪ್ಪತಾವ, ಅಷ್ಟು ನೋಡಿ ಕೊಡ್ರಿ ಅಂದೆ."

ಅಂದಿನಿಂದ ಇಂದಿನವರೆಗೆ, ಈ ೨೦೦೫ರವರೆಗೆ, ಆ ಕರಾರು ಹಾಗೆಯೇ ನಡೆದಿದೆ. ರವಿವಾರ ಒಂದು ಬಿಟ್ಟು ಪ್ರತಿ ಮುಂಜಾನೆ ಪಾಠ. ಪಾಠ ಮುಗಿದ ಮೇಲೆ ವಧೂವರರ ಹೆಸರುಗಳ ಒತ್ತಕ್ಷರ ತಿದ್ದಿ, ಮಾಸ್ತರರು ಕಾಲೇಜಿಗೆ ಹೋಗುತ್ತಾರೆ. ಕರೆಂಟು ಹೋದ ದಿನ ಹುಡುಗರು ಮತ್ತೆ ನಿಂತು ನಡೆದಾಡುವ ಕಂಪ್ಯೂಟರ್ ಆಗುತ್ತಾರೆ. ಇಲ್ಲಿ ಕಲಿತವರು ಹತ್ತಿಯ ಅಂಗಡಿಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಔಷಧ ಮಾರಾಟ ಮಳಿಗೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ.

ಕಾಲೇಜಿನ ಆ ಗಾಜಿನ ಕೋಣೆ ತೆರೆದದ್ದು ಪ್ರಾಚಾರ್ಯರು ನಿವೃತ್ತರಾದ ಮೇಲೆ. ಇಲಿಗಳು ವೈರು ಕಡಿದಿದ್ದವು. ಕೆಲವು ಯಂತ್ರ ಎದ್ದವು, ಕೆಲವು ಏಳಲಿಲ್ಲ. ಎದ್ದವುಗಳಿಗೂ ಹೊಸ ಪಾಠಗಳನ್ನು ಹೊರುವ ಶಕ್ತಿ ಇರಲಿಲ್ಲ. ಗುಜರಿಯ ಲಾರಿಗೆ ಹೇರುವಾಗ ಒಂದರ ಪರದೆಯ ಮೇಲಿನ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಈಗ ಅಲ್ಲಿ ಹೊಸ ಪ್ರಯೋಗಾಲಯ ಇದೆ, ಕಲಿಸಲು ಎಂ.ಸಿ.ಎ. ಓದಿದವರಿದ್ದಾರೆ. ಹಳ್ಳಿಯಿಂದ ಬಂದ, ಯಂತ್ರಕ್ಕೆ ಹೆದರುವ ಮಕ್ಕಳನ್ನು ಅವರೇ ಹುಡುಕಿ ಇಲ್ಲಿಗೆ ಕಳಿಸುತ್ತಾರೆ.

ಮೌಲಾಬಿ ಮತ್ತೆ ಯಾವ ಸಂದರ್ಶನಕ್ಕೂ ಹೋಗಲಿಲ್ಲ. ಮನೆಯ ಮಾತು ಮಾತೇ ಆಯಿತು. ಮದುವೆಯಾಗಿ ಗಣೇಶಪೇಟೆಯ ಕಡೆ ಇದ್ದಾಳೆ, ಬಟ್ಟೆ ಹೊಲಿಯುವ ಚಿಕ್ಕ ಅಂಗಡಿ ಇಟ್ಟಿದ್ದಾಳೆ ಎಂಬ ಸುದ್ದಿ ಮಾಸ್ತರರಿಗೆ ವರ್ಷಗಳ ಹಿಂದೆಯೇ ಬಂದಿತ್ತು. ಆ ರಸ್ತೆಗೆ ಹೋಗಲು ಮಾತ್ರ ಕಾಲು ಬರಲಿಲ್ಲ. ಕಳೆದ ರಮಜಾನಿಗೆ ಮುಂಚೆ ಧೈರ್ಯ ಮಾಡಿ ಹೋದರು.

ಅವಳು ಗುರುತು ಹಿಡಿದು ಎದ್ದು ನಿಂತಳು. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಚಹಾ ತರಿಸಿದಳು. ಮಾಸ್ತರರು ಹೇಳಲು ಬಂದದ್ದು ತಪ್ಪಾಯಿತು ಎಂಬ ಮಾತು, ಕೇಳಿದ್ದು ಹೊಲಿಗೆ ಹೇಗೆ ನಡೆದಿದೆ ಎಂದು. ಹೇಳದ ಮಾತನ್ನು ಅವಳೇ ಊಹಿಸಿದಳೇನೋ.

"ನೀವು ಕಲಿಸಿದ್ದು ಹಾಳಾಗಿಲ್ರಿ ಸರ್. ಈಗೂ ಅರಿವಿ ಕತ್ತರಿಸೂ ಮುಂಚೆ ಮನಸಿನ್ಯಾಗ ಹೌದು-ಅಲ್ಲ ಹಾಕ್ಕೋತೇನಿ. ಒಂದು ತುಕಡಿ ದಂಡ ಆಗೂದಿಲ್ಲ."

ಆ ಮಾತಿನಿಂದ ಸಮಾಧಾನವಾಯಿತೇ ಎಂದು ಕೇಳಿದೆ.

"ಅದು ನನ್ನ ಸಲುವಾಗಿ ಹೇಳಿದ ಮಾತ್ರಿ. ಆಕೀ ಯಾವಾಗ್ಲೂ ಹಂಗ. ಉಗ್ರಾಣದ ಲೆಕ್ಕಾ ಅಷ್ಟ ಅಲ್ಲ, ಇಡೀ ಕಾರ್ಖಾನಿ ನಡಸೂ ಬುದ್ಧಿ ಇತ್ತು ಆ ಹುಡುಗಿಗೆ. ಅರಿವಿ ಹೊಲಿಯೂದು ಕಡಿಮಿ ಕೆಲಸ ಅನ್ನೂದಿಲ್ಲ ನಾ. ಆಕೀ ಅದನ್ನ ಆರಿಸ್ಕೊಂಡು ಮಾಡಿದ್ರ ಬ್ಯಾರೆ ಇತ್ತು."

ಅಂದು ಏಳುವ ಮುಂಚೆ ಅವರು ಒಂದು ಮಾತು ಕೇಳಿ ಬಂದಿದ್ದಾರೆ. ಬರುವ ಏಪ್ರಿಲ್‌ನಲ್ಲಿ ಅವರು ಕಾಲೇಜಿನಿಂದ ನಿವೃತ್ತರಾಗುತ್ತಾರೆ, ಮುಂಜಾನೆಯ ಪಾಠ ನಿಲ್ಲುವುದಿಲ್ಲ. ಅಲ್ಲಿಗೆ ಮೌಲಾಬಿ ವಾರಕ್ಕೊಮ್ಮೆಯಾದರೂ ಬರಬೇಕು, ಕಲಿಯಲು ಅಲ್ಲ, ಕಲಿಸಲು. ಲೆಕ್ಕ ಎಲ್ಲಿ ತಪ್ಪಿದೆ ಎಂದು ಅವಳಂತೆ ತೋರಿಸಿಕೊಡುವವರು ಈ ಹುಡುಗರಿಗೆ ಬೇಕು. "ನೋಡೋಣ್ರಿ ಸರ್, ಹಬ್ಬದ ಹೊಲಿಗಿ ಭಾಳ ಅದಾವು, ಮುಗೀಲಿ" ಎಂದಿದ್ದಳು ಮೌಲಾಬಿ.

ಎಂಟಾಗುತ್ತಿದೆ. ಗುರುಸಿದ್ದಯ್ಯನವರು ಷಟರ್ ಪೂರ್ತಿ ಎತ್ತುತ್ತಾರೆ. ಬಿಸಿಲು ಒಳಗೆ ಬರುತ್ತದೆ. ಹುಡುಗರು ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಮಾಸ್ತರರು ಮಫ್ಲರ್ ಬಿಚ್ಚಿ ಮಡಚುತ್ತಾರೆ.

"ಹಬ್ಬ ಮುಗದು ತಿಂಗಳಗಟ್ಟಲೆ ಆತ್ರಿ. ಆಕೀ ಬರಲಿಲ್ಲ. ಮತ್ತ ಹೋಗಿ ಕೇಳೂದು ಹೆಂಗ, ಆಕಿಗೇನು ಬ್ಯಾಸರಾದೀತೋ ಅಂತ ನಾನೂ ಸುಮ್ಮನ ಕೂತೆ." ಮೇಜಿನ ಮೇಲಿದ್ದ ಲಗ್ನಪತ್ರಿಕೆಗಳನ್ನು ಹಾಗೆಯೇ ಗುರುಸಿದ್ದಯ್ಯನವರ ಕಡೆ ಸರಿಸಿ ಚಪ್ಪಲಿ ಮೆಟ್ಟುತ್ತಾರೆ. "ಇವನ್ನ ಸಂಜೀಕ ನೋಡ್ತೇನ್ರಿ. ಕಾಲೇಜಿಗೆ ಹೋಗೂದಕ್ಕ ಮೊದ್ಲ ಗಣೇಶಪೇಟಿಗೆ ಹೋಗಿ ಬರ್ತೇನಿ. ಸುಮ್ಮನ ಕೂಡೂದು ನನಗ ಭಾಳ ತುಟ್ಟಿ ಬಿದ್ದದ."