ಕಪಾಟಿಗೆ ತಕ್ಕ ಕಂಪ್ಯೂಟರ್

ಅದು 2007ರ ದೀಪಾವಳಿ. ಹಬ್ಬ ಬಂತೆಂದರೆ ಎಲ್ಲರಿಗೂ ಏನೇನೋ ನೆನಪಾಗುತ್ತದೆ. ನನಗೆ ಮಾತ್ರ ಒಂದು ಕರೀ ಡಬ್ಬಿ ಮತ್ತು ಒಂದು ಸಾಗವಾನಿ ಕಪಾಟು ನೆನಪಾಗಿ ತಲೆ ಕೆಡುತ್ತದೆ.

ನಮ್ಮ ಊರು ರೋಣ. ಮನೆತನದ ಕಸಬು ಬಡಿಗತನ. ನಾನು ಆರನೇ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ಕೈಕೆಳಗೆ ಕುಳಿತವನು. ಓದು ನನಗೆ ಇವತ್ತಿಗೂ ನಿಧಾನ. ತಮ್ಮ ಪ್ರಕಾಶನೂ ಇದೇ ಕಸಬು ಮಾಡಬೇಕಿತ್ತು. ಆದರೆ ಕಟ್ಟಿಗೆಯ ಪುಡಿ ಮೂಗಿಗೆ ಹೋದರೆ ಸಾಕು, ಅವನಿಗೆ ಉಬ್ಬಸ ಶುರುವಾಗುತ್ತಿತ್ತು. ಗರಗಸದ ಸಪ್ಪಳ ಕೇಳಿದರೆ ಓಣಿಯ ಆ ತುದಿಗೆ ಹೋಗಿ ನಿಲ್ಲುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದು, ಎರಡು ಹಳೆಯ ಟಿವಿ ಇಟ್ಟು, ಹುಡುಗರಿಗೆ ವಿಡಿಯೋ ಗೇಮ್ ಆಡಿಸುವ ಅಂಗಡಿ ಹಾಕಿದ. ಧೂಳಿಲ್ಲ, ಪುಡಿಯಿಲ್ಲ. ಅವನು ಮಾಡಬಹುದಾದ ಕೆಲಸ ಅಂತ ಇದ್ದದ್ದು ಅದೊಂದೇ.

ಆ ವರ್ಷ ಹುಡುಗರೆಲ್ಲ ಕಂಪ್ಯೂಟರ್ ಗೇಮ್ ಬೇಕು ಎಂದು ಹಟ ಹಿಡಿದರು. ಪ್ರಕಾಶ ಗದಗಿಗೆ ಹೋಗಿ ಒಂದು ಅಂಗಡಿಯ ಜಾಹೀರಾತು ಕಾಗದ ತಂದ. ಅದರಲ್ಲಿ ಚಿಕ್ಕದೊಂದು ಚೆಂದದ ಕಂಪ್ಯೂಟರಿನ ಚಿತ್ರ, ಪಕ್ಕದಲ್ಲಿ ಉದ್ದ ಅಗಲದ ಲೆಕ್ಕ. ಅಳತೆ ಕಂಡರೆ ನಮ್ಮಂಥವರ ಕೈ ಸುಮ್ಮನಿರುವುದಿಲ್ಲ. ಅಪ್ಪ ಒಂದು ಹಳೇ ವಾಡೆಯ, ಅಂದರೆ ದೊಡ್ಡ ಮನೆಯ, ಬಾಗಿಲಿನಿಂದ ಉಳಿಸಿ ಇಟ್ಟಿದ್ದ ಸಾಗವಾನಿ ಹಲಗೆಗಳಿದ್ದವು. ತಮ್ಮನಿಗೆ ಹೇಳದೆ ಒಂದು ಕಪಾಟು ಮಾಡಿ, ಪಾಡ್ಯದ ಅಂಗಡಿ ಪೂಜೆಗೆ ಅವನ ಮುಂದೆ ಇಡಬೇಕು ಎಂದುಕೊಂಡೆ.

ಇಲ್ಲೇ ನಾನು ಕೆಟ್ಟದ್ದು. ನಮ್ಮ ಅಪ್ಪನದೊಂದು ಪದ್ಧತಿ ಇತ್ತು. ಏನನ್ನು ಇಡಲು ಕಪಾಟು ಬೇಕೋ ಆ ವಸ್ತು ಮೊದಲು ನಮ್ಮ ಅಂಗಡಿಗೆ ಬರಬೇಕು. ಅಬ್ಬಿಗೇರಿಯ ಒಬ್ಬರು ದೇವರ ಜಗಲಿ ಮಾಡಿಕೊಡಿ ಎಂದಾಗ, ದೇವರನ್ನೇ ಬುಟ್ಟಿಯಲ್ಲಿ ತರಿಸಿಕೊಂಡು ಅಳೆದಿದ್ದ. ಹಿಟ್ಟಿನ ಡಬ್ಬಿ, ಹೊಲಿಗೆ ಮಷೀನು, ಎಲ್ಲವೂ ಬಂದು ಕೂಡಬೇಕು, ಆಮೇಲೆ ಗರಗಸ. ನಾನು ಮಾತ್ರ ಕಾಗದ ನೋಡಿ ಹಲಗೆ ಕೊಯ್ದೆ. ಮೇಲೆ ಟಿವಿಯಂಥ ಪರದೆಗೆ ಜಾಗ, ಕೆಳಗೆ ಕಂಪ್ಯೂಟರಿನ ಡಬ್ಬಿಗೆ ಕರಾರುವಾಕ್ಕಾದ ಒಂದು ಖಾನೆ, ಅದಕ್ಕೆ ಧೂಳು ಹೋಗದಂತೆ ಬಾಗಿಲು, ಬಾಗಿಲ ಮೇಲೆ ಜೋಡಿ ಗಿಳಿ. ಗಿಳಿಯ ಕೊಕ್ಕಿಗೇ ಒಂದು ಇಡೀ ಮಧ್ಯಾಹ್ನ ಹೋಯಿತು.

ಕಂಪ್ಯೂಟರ್ ತರುವ ಹಿಂದಿನ ದಿನ ಪ್ರಕಾಶನಿಗೆ ಉಬ್ಬಸ ಏರಿತು. ಬಸ್ಸಿನಲ್ಲಿ ಹೋಗುವ ಸ್ಥಿತಿ ಇರಲಿಲ್ಲ. ನನ್ನನ್ನು ಕರೆದು ಹೇಳಿದ.

"ಅಣ್ಣಾ, ನೀನ ಹೋಗಿ ಬಾ. ಆದ್ರ ಲಕ್ಷ್ಯ ಇಟ್ಟು ಕೇಳು. ಅಲ್ಲಿ ಎರಡು ನಮೂನಿ ಅದಾವ. ಸಣ್ಣದು ಬ್ಯಾಡ. ದೊಡ್ಡ ಡಬ್ಬಿದು ತಗೊಂಡು ಬಾ."

ನಾನು ಜಾಹೀರಾತು ಕಾಗದ ಕೈಗೆತ್ತಿಕೊಂಡೆ. "ಕಾಗದದಾಗ ಸಣ್ಣದಿತ್ತಲ್ಲೋ?"

"ಅದು ಬರೇ ಚಂದ ಕಾಣಸ್ತೈತಿ. ಈಗ ಎರಡೂ ಒಂದ. ಆದ್ರ ದೊಡ್ಡದನ್ನ ಬಿಚ್ಚಿ ಮುಂದ ಬೇಕಾದ್ದು ಹಾಕಾಕ ಬರತೈತಿ. ಹೊಸಾ ಗೇಮ್ ಬಂತಂದ್ರ ಗೇಮಿನ ಕಾರ್ಡು ಕೂಡಿಸಿದ್ರಾತು. ಸಣ್ಣದ್ರೊಳಗ ಜಾಗಾನ ಇಲ್ಲ. ಇದ್ದಷ್ಟ."

ಆಗಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಕಪಾಟು ಗೋಣಿಚೀಲದ ಕೆಳಗೆ ಅಡಗಿ ಕುಳಿತಿತ್ತು. ನಾನು ತಲೆಯಾಡಿಸಿದೆ, ಮರುದಿನ ಅಳತೆ ಟೇಪು ಜೇಬಿನಲ್ಲಿಟ್ಟುಕೊಂಡು ಹೊರಟೆ.

ಗದಗಿನ ಅಂಗಡಿಯಲ್ಲಿ ಎರಡೂ ಡಬ್ಬಿ ಅಕ್ಕಪಕ್ಕ ಇದ್ದವು. ದೊಡ್ಡದನ್ನು ನೋಡಿದರೆ ಜೋಳದ ಕಣಜ ನೋಡಿದಂತಾಯಿತು. ಟೇಪು ತೆಗೆದು ಅಳೆದೆ. ಎತ್ತರ ಹೆಚ್ಚು. ಮತ್ತೊಮ್ಮೆ ಅಳೆದೆ, ಏನೋ ಕಡಿಮೆಯಾಗಿರಬಹುದು ಎಂಬಂತೆ. ಅಂಗಡಿಯವನು ನೋಡುವಷ್ಟು ನೋಡಿ ಕೇಳಿದ.

"ಯಜಮಾನ್ರ, ಕಂಪ್ಯೂಟರ್ ತಗೊಳ್ಳಾಕ ಬಂದೀರೋ, ಬಾಗಲಾ ಕೂಡಸಾಕ ಬಂದೀರೋ?"

"ಇದನ್ನ ಅಡ್ಡ ಮಲಗಿಸಿದ್ರ ನಡೀತೈತೇನ್ರಿ?"

"ನಡೀತೈತಿ. ಆದ್ರ ಮಲಗಿಸಿದ್ರೂ ಉದ್ದ ಅಷ್ಟ ಇರತೈತಲ್ರೀ!"

ಅಲ್ಲಿದ್ದ ನಾಲ್ಕು ಮಂದಿ ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲಲ್ಲ, ಆ ಡಬ್ಬಿಯ ಮೇಲೆ. ಅಂಗಡಿಯವನು ಪಾಪ, ಒಳ್ಳೆಯ ಮನುಷ್ಯ. ದೊಡ್ಡದರ ಪಕ್ಕದ ತಗಡು ಸರಿಸಿ ಒಳಗಿನ ಖಾಲಿ ಜಾಗ ತೋರಿಸಿದ. "ಗೇಮಿಗೆ ಅಂದ್ರ ಇದ ತಗೋರಿ. ಸಣ್ಣದು ತಗೊಂಡು ಆಮ್ಯಾಲೆ ನನಗ ಬೈಬ್ಯಾಡ್ರಿ" ಎಂದ. ನಾನು ಆ ಖಾಲಿ ಜಾಗವನ್ನು ನೋಡಲೇ ಇಲ್ಲ. ಮನೆಯಲ್ಲಿ ಕೊಯ್ದಿಟ್ಟ ಸಾಗವಾನಿಯನ್ನೇ ನೋಡುತ್ತಿದ್ದೆ. ಹಲಗೆ ಬೇರೆ ಉಳಿದಿರಲಿಲ್ಲ. ಗಿಳಿಗಳನ್ನು ಬಿಚ್ಚಿ ಒಲೆಗೆ ಹಾಕಲೇ? ಕಡೆಗೆ, "ಸಣ್ಣದ ಕೊಡ್ರಿ" ಎಂದೆ.

ಬರುವಾಗ ಅಬ್ಬಿಗೇರಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಎರೆ ಹೊಲದ ಬದಿಗೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ವಾಪಸ್ ಹೋಗಿ ಬದಲಿಸಿಕೊಂಡು ಬರಲು ಇನ್ನೂ ಹೊತ್ತಿತ್ತು. ಎದುರಿನಿಂದ ಗದಗಿನ ಬಸ್ಸೂ ಬಂತು. ನಾನು ಏಳಲಿಲ್ಲ. ಅದು ಧೂಳೆಬ್ಬಿಸಿ ಹೋಯಿತು.

ಮನೆಗೆ ಬಂದು ಡಬ್ಬಿ ಇಳಿಸಿದಾಗ ಪ್ರಕಾಶ ಹಾಸಿಗೆಯಿಂದ ಎದ್ದು ಬಂದ. ಅವನ ಮುಖ ಬಾಡಿದ್ದನ್ನು ಕಂಡೆ.

"ದೊಡ್ಡದು?"

"ಖಾಲಿ ಆಗೇತಂತ. ಹಬ್ಬ ನೋಡು, ಎಲ್ಲಾ ಹೋದುವಂತ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವನು ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ, "ಇರ್ಲಿ ಬಿಡಣ್ಣಾ, ನೀನರ ಏನ ಮಾಡ್ತಿ" ಎಂದ.

ಪಾಡ್ಯದ ದಿನ ಕಪಾಟು ತೆಗೆದು ಅವನ ಅಂಗಡಿಯಲ್ಲಿಟ್ಟೆ. ಪೂಜೆಗೆ ಅವ್ವನೂ ಬಂದಿದ್ದಳು. ಕಂಪ್ಯೂಟರ್ ಖಾನೆಯೊಳಗೆ ಎಣ್ಣೆ ಹಚ್ಚಿದಂತೆ ಜಾರಿ ಕುಳಿತಿತು. ಪ್ರಕಾಶ ಗಿಳಿಗಳನ್ನು ಸವರಿ ನೋಡಿದ. ಅವನ ಕಣ್ಣು ತುಂಬಿತ್ತು. "ಅವ್ವಾ, ನೋಡಬೇ, ಎಷ್ಟು ಬರೋಬ್ಬರಿ ಕುಂತೈತಿ! ದೈವ ಅಂದ್ರ ಇದ. ದೊಡ್ಡದು ಬಂದಿದ್ರ ಹಿಡೀತಿರಲಿಲ್ಲ."

ಅವ್ವ ನನ್ನ ಮುಖ ನೋಡಿದಳು. "ಹೌದಪಾ, ಭಾಳ ಬರೋಬ್ಬರಿ ಐತಿ" ಎಂದಳು. ಅಷ್ಟೇ.

ಒಂದಿಷ್ಟು ತಿಂಗಳು ಚಲೋ ನಡೆಯಿತು. ಬೇಸಿಗೆ ಬರುತ್ತಲೇ ನನ್ನ ಚೆಂದದ ಬಾಗಿಲಿನ ಹಿಂದೆ ಡಬ್ಬಿ ಕಾದು ಕೆಂಡವಾಗಿ ತಾನೇ ಬಂದ್ ಆಗತೊಡಗಿತು. ಬಾಗಿಲು ತೆಗೆದಿಟ್ಟೆವು. ಹಿಂದಿನ ಹಲಗೆಗೆ ತೂತು ಕೊರೆದೆವು. ಆಮೇಲೆ ಹೊಸ ಹೊಸ ಗೇಮ್ ಬಂದವು. ಕಾರ್ ಓಡಿಸುವ ಆಟವೊಂದನ್ನು ಪ್ರಕಾಶ ಆಸೆಪಟ್ಟು ತಂದು ಹಾಕಿದರೆ, ಹುಡುಗರು ಹೋ ಎಂದು ನಕ್ಕರು. "ಪ್ರಕಾಶಣ್ಣಾ, ನಿನ್ನ ಕಾರಿಗಿಂತ ನಮ್ಮ ಎಮ್ಮಿ ಲಗೂ ಓಡತೈತಿ!" ಅಷ್ಟರಲ್ಲಿ ಪೇಟೆಯಲ್ಲಿ ಇನ್ನೊಬ್ಬ ದೊಡ್ಡ ಡಬ್ಬಿಯ ಕಂಪ್ಯೂಟರ್ ಇಟ್ಟು ಅಂಗಡಿ ತೆರೆದ. ಹುಡುಗರೆಲ್ಲ ಅತ್ತ ಹರಿದರು.

"ಗದಗಿನ ಅಂಗಡಿಗೇ ಹೋಗಿ ಕೇಳ್ತೀನಿ, ಏನರ ಹಾಕಿಕೊಡ್ತಾನೇನು" ಎಂದ ಪ್ರಕಾಶ. ಹೋದರೆ ಅಂಗಡಿಯವನು ನಿಜ ಹೇಳಿಬಿಡುತ್ತಿದ್ದ. "ಆ ಅಂಗಡಿ ಮುಚ್ಚೇತಂತೋ" ಎಂದೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು. ಅವನು ಡಬ್ಬಿ ಹೊತ್ತು ಗಜೇಂದ್ರಗಡದ ರಿಪೇರಿಯವನ ಹತ್ತಿರ ಹೋದ. ಸಂಜೆ ಹಾಗೆಯೇ ಹೊತ್ತು ತಂದ. "ಕಾರ್ಡು ಹಿಡ್ಯಂಗಿಲ್ಲಂತ. ಹಿಡಿದ್ರೂ ಇದ್ರ ಕರೆಂಟು ಸಾಲಂಗಿಲ್ಲಂತ" ಎಂದವನೇ ಊಟ ಮಾಡದೆ ಮಲಗಿದ.

ಅಂಗಡಿ ಬಂದ್ ಆಯಿತು. ಬೇರೆ ದಾರಿ ಕಾಣದೆ ಪ್ರಕಾಶ ನಮ್ಮ ಬಡಿಗತನದ ಅಂಗಡಿಗೇ ಬಂದ. ಮೂಗಿಗೆ ಟವೆಲ್ ಸುತ್ತಿಕೊಂಡು ಪಾಲಿಶ್ ಕಾಗದ ತಿಕ್ಕುತ್ತಿದ್ದ. ನಾನು ಗರಗಸ ಎಳೆದಾಗಲೆಲ್ಲ ಅವನ ಕೆಮ್ಮು ಕೇಳಿಸುತ್ತಿತ್ತು. ನಿಲ್ಲಿಸಿದರೆ, "ಎಳಿಯಣ್ಣಾ, ನನ್ನ ಸಲುವಾಗಿ ಕೆಲಸಾ ಯಾಕ ನಿಂದರಸ್ತಿ" ಎನ್ನುತ್ತಿದ್ದ. ಆ ಮಳೆಗಾಲದಲ್ಲಿ ಉಸಿರು ಕಟ್ಟಿ ಅವನನ್ನು ದವಾಖಾನೆಗೆ ಸೇರಿಸಬೇಕಾಯಿತು. ಡಾಕ್ಟರು ನನ್ನನ್ನೇ ಬೈದರು. "ಗೊತ್ತಿದ್ದೂ ಗೊತ್ತಿದ್ದೂ ಧೂಳಿನ್ಯಾಗ ಕುಂಡ್ರಿಸೀರಲ್ಲ, ತಮ್ಮ ಬೇಕೋ ಬ್ಯಾಡೋ ನಿಮಗ?"

ಅವನು ಉಳಿದ. ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿ ಹಾಕಿದ, ಈಗ ರಿಪೇರಿಯನ್ನೂ ಕಲಿತು ಆರಾಮಾಗಿದ್ದಾನೆ. ಕಂಪ್ಯೂಟರ್ ಯಾವಾಗಲೋ ಗುಜರಿಗೆ ಹೋಯಿತು. ಕಪಾಟು ಮಾತ್ರ ಗಟ್ಟಿಯಾಗಿದೆ. ಖಾನೆಯಲ್ಲಿ ಅವ್ವ ಶಾವಿಗೆ, ಸಂಡಿಗೆ ಇಡುತ್ತಾಳೆ. ಹಿಂದೆ ತೂತು ಇರುವುದರಿಂದ ಗಾಳಿಯಾಡಿ ಚಲೋ ಇರುತ್ತವಂತೆ.

ಮೊನ್ನೆ ಪ್ರಕಾಶ ತನ್ನ ಅಂಗಡಿಗೆ ಒಂದು ಕಂಪ್ಯೂಟರ್ ತರುತ್ತೇನೆ, ಟೇಬಲ್ ಮಾಡಿಕೊಡು ಎಂದ. "ಮೊದಲ ಮಷೀನ್ ತಂದು ನನ್ನ ಮುಂದ ಇಡು. ಆಮ್ಯಾಲೆ ಅಳತಿ" ಎಂದೆ.

ಅವನು ನಕ್ಕು, "ಅವತ್ತು ಆ ಗದಗಿನ ಮಗಾ ಒಂದು ದೊಡ್ಡದು ಉಳಿಸಿ ಇಟ್ಟಿದ್ರ ನನ್ನ ದಿಕ್ಕ ಬ್ಯಾರೆ ಇರ್ತಿತ್ತು ನೋಡಣ್ಣಾ" ಎಂದ. ಇಷ್ಟು ವರ್ಷ ಅವನು ಬೈಯುತ್ತ ಬಂದದ್ದು ಆ ಅಂಗಡಿಯವನನ್ನು. ನಾನು ಆಗಲೂ ಹಲಗೆ ನುಣುಪು ಮಾಡುತ್ತ ರಂದಾ ಹೊಡೆಯುತ್ತಲೇ ಇದ್ದೆ.

ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಈ ಪತ್ರಿಕೆ ನಮ್ಮ ಮನೆಗೆ ಬರುತ್ತದೆ. ನನ್ನ ಓದು ನಿಧಾನ ಎಂದು, ಅವ್ವನಿಗೂ ನನಗೂ ಗಟ್ಟಿಯಾಗಿ ಓದಿ ಹೇಳುವವನು ಪ್ರಕಾಶನೇ. ಇದನ್ನೂ ಅವನೇ ಓದುತ್ತಾನೆ. ನಾನು ಎದ್ದು ಹೋಗುವುದಿಲ್ಲ, ಅಲ್ಲೇ ಕುಳಿತಿರುತ್ತೇನೆ.

ತಮ್ಮಾ, ಅವತ್ತು ಆ ಅಂಗಡಿಯಲ್ಲಿ ದೊಡ್ಡದು ಇತ್ತು.