ಓಡದ ದಿನದ ಉಪವಾಸ

ಮಂಗಳವಾರ ಬೆಳಿಗ್ಗೆ ಓಟ ಮುಗಿಸಿ ಬಂದ ಪಲ್ಲವಿ ನೇರ ಬಚ್ಚಲಿಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಗೋಡೆ ಹಿಡಿದುಕೊಂಡಿದ್ದಳು.

“ಅಜ್ಜಿ, ಒಂದಕ್ಕ ಕರ್ರಗ ಹೋತು. ಹಾಲಿಲ್ಲದ ಚಾ ಇದ್ದಂಗ.”

ಒಳಗೆ ಹೋಗಿ ನೋಡಿದೆ. ನನಗೆ ತೋರಿಸಲೆಂದೇ ನೀರು ಹಾಕದೆ ಬಿಟ್ಟಿದ್ದಳು.

ಅಂಥ ಬಣ್ಣ ನಾನು ಎಂದೂ ನೋಡಿರಲಿಲ್ಲ.

ಆದರೂ ಬಾಯಲ್ಲಿ ಹೇಳಿದ್ದು ಬೇರೆ. ಬಿಸಿಲಿನ ಉಷ್ಣ, ಇಳಿಯುತ್ತದೆ ಎಂದೆ. ಮಜ್ಜಿಗೆ ಕುಡಿಸಿದೆ. ಹೊಕ್ಕುಳಿಗೆ, ಅಂಗಾಲಿಗೆ ಹರಳೆಣ್ಣೆ ಹಚ್ಚಿ ಮಲಗಿಸಿದೆ. ಹೆದರಿದಾಗ ನಾನು ಹೀಗೇ. ಯಾರನ್ನೂ ಕೇಳಲು ನಾಚಿಕೆ, ಹಾಗಾಗಿ ಗೊತ್ತಿರುವ ಎರಡು ಮದ್ದು ಮಾಡಿ ಸುಮ್ಮನೆ ಕೂರುತ್ತೇನೆ.

ಮೊಮ್ಮಕ್ಕಳೇ, ಇದು ಆಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಪಲ್ಲವಿ ಅಕ್ಕನಿಗೆ ಕಿಡ್ನಿ ತೊಂದರೆ ಆಗಿತ್ತಂತೆ, ಈಗ ಪರವಾಗಿಲ್ಲವಂತೆ ಎಂದಷ್ಟೇ ನೀವು ಕೇಳಿದ್ದೀರಿ. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಎಮ್ಮಿಗನೂರಿನ ಶಾಲೆಯಲ್ಲಿ ಏಳನೇ ತರಗತಿ ತನಕ ಓದಿದೆ. ಆಗಲೂ ಮಾಸ್ತರು ಕೇಳಿದರೆ ಗೊತ್ತಿದ್ದ ಉತ್ತರವನ್ನೂ ಹೇಳದೆ ನಿಲ್ಲುತ್ತಿದ್ದೆ. ಬರೆಯುವುದಾದರೆ ಆಗುತ್ತದೆ. ನಿಮ್ಮಲ್ಲಿ ಕಬಡ್ಡಿ ಆಡುವವರಿದ್ದೀರಿ, ಸೈಕಲ್ ಪಂದ್ಯಕ್ಕೆ ಹೋಗಬೇಕೆನ್ನುವವರಿದ್ದೀರಿ. ನಾನು ಮಾಡಿದ್ದು ನಿಮಗೆ ಗೊತ್ತಿರಬೇಕು.

ಪಲ್ಲವಿಯ ಅಪ್ಪ, ಅಂದರೆ ನನ್ನ ಮಗ ಮಂಜುನಾಥ, ಯಶವಂತನಗರದ ಗಣಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಅವಳ ಅಮ್ಮ ಗಿರಿಜಾಳೂ ಅಲ್ಲೇ. ಪಲ್ಲವಿಗೆ ಹೊಸಪೇಟೆಯ ಕಾಲೇಜು ಸಿಕ್ಕಾಗ ಕಾಲುವೆ ಹತ್ತಿರ ಎರಡು ಕೋಣೆಯ ಮನೆ ಹಿಡಿದು ನನ್ನನ್ನು ಜೊತೆಗೆ ಬಿಟ್ಟರು. ಹುಡುಗಿಯನ್ನು ನಿನ್ನ ಕೈಗೆ ಹಾಕಿದ್ದೇನೆ ಎಂದು ಮಗ ಹೇಳಿ ಹೋಗಿದ್ದ.

ಅಲ್ಲಿ ಅವಳಿಗೆ ಓಟದ ಹುಚ್ಚು ಹತ್ತಿತು. ಮೊದಲು ಹತ್ತು ಕಿಲೋಮೀಟರ್, ಆಮೇಲೆ ಇಪ್ಪತ್ತೊಂದು. ಈ ವರ್ಷ ನಲವತ್ತೆರಡು ಓಡಬೇಕೆಂದು ಹಠ. ಓಟ ಕಲಿಸುವ ಸರ್ ಒಂದು ಕಾಗದದಲ್ಲಿ ವಾರದ ಲೆಕ್ಕ ಬರೆದುಕೊಟ್ಟಿದ್ದರು. ಅದನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಳು. ಭಾನುವಾರ ಎಲ್ಲಕ್ಕಿಂತ ಉದ್ದದ ಓಟ, ಕಮಲಾಪುರ ದಾಟಿ ಹಂಪಿಯ ಬಾಳೆ ತೋಟಗಳ ತನಕ ಹೋಗಿ ಬರುವುದು. ಮಂಗಳವಾರ ಏರು ರಸ್ತೆಯಲ್ಲಿ ಹತ್ತಿಳಿಯುವ ಓಟ. ನಡುವೆ ಸೋಮವಾರದ ಎದುರಿಗೆ ಒಂದೇ ಮಾತು: ರೆಸ್ಟ್.

ಆ ಒಂದು ದಿನವನ್ನು ನಾನು ತೆಗೆದುಕೊಂಡೆ.

ನಿಮ್ಮ ತಾತ ಹೋದ ಮೇಲೆ ನಾನು ಸೋಮವಾರ ಒಪ್ಪತ್ತು ಮಾಡುತ್ತಾ ಬಂದವಳು. ಪಲ್ಲವಿ ನಲವತ್ತೆರಡರ ಮಾತೆತ್ತಿದಾಗ ಹೆದರಿ ವಿರೂಪಾಕ್ಷನಿಗೆ ಹರಕೆ ಹೊತ್ತೆ. ಹನ್ನೊಂದು ಸೋಮವಾರ, ಸಂಜೆ ಪೂಜೆ ಆಗುವ ತನಕ ನೀರೂ ಮುಟ್ಟದ ಉಪವಾಸ. ಹರಕೆ ಅವಳ ಹೆಸರಿನದು, ಅವಳೇ ಮಾಡಿದರೆ ಫಲ ಹೆಚ್ಚು ಎಂದೆ. ಸರ್ ಕೊಟ್ಟ ಕಾಗದದಲ್ಲಿ ಸೋಮವಾರವೇ ಓಟ ಇಲ್ಲದ್ದು ನೋಡಿ ದೇವರೇ ಹೊಂದಿಸಿಕೊಟ್ಟ ಎಂದುಕೊಂಡೆ. ಓಡುವ ದಿನ ರೊಟ್ಟಿ, ಕಾಳು, ಮೊಟ್ಟೆ ಎಲ್ಲ ಮಾಡಿ ಹಾಕುತ್ತಿದ್ದೆ, ಅದರಲ್ಲಿ ಕಡಿಮೆ ಮಾಡಲಿಲ್ಲ. ಓಡದ ದಿನ ಹೊಟ್ಟೆಗೆ ಏನು ಬೇಕು? ಸುಮ್ಮನೆ ಕೂತವಳಿಗೆ ಹಸಿವು ಯಾಕೆ?

ಸುಮ್ಮನೆ ಕೂರಲೂ ಬಿಡಲಿಲ್ಲ ನಾನು. ವಾರದ ಕೆಲಸವೆಲ್ಲ ಸೋಮವಾರಕ್ಕೆ ಉಳಿಯುತ್ತಿತ್ತು. ಹೊದೆಯುವ ದಪ್ಪ ಕೌದಿ ಒಗೆಯುವುದು, ಸಿಲಿಂಡರ್ ಎತ್ತಿಡುವುದು, ಹಿಟ್ಟಿನ ಗಿರಣಿಗೆ ಹೋಗಿಬರುವುದು. ತೊಡೆ ನೋಯುತ್ತದೆ ಅಂದರೆ, ಎದ್ದು ಓಡಾಡು, ನೋವು ಕೆಲಸದಲ್ಲೇ ಹೋಗುತ್ತದೆ ಎನ್ನುತ್ತಿದ್ದೆ. ನಮಗೆ ಹಾಗೇ ಆಗಿತ್ತು. ಭತ್ತ ನಾಟಿ ಮಾಡುವ ಕಾಲದಲ್ಲಿ ಮೊದಲ ದಿನ ಸೊಂಟ ಹಿಡಿದರೆ, ಮರುದಿನ ಮತ್ತೆ ಕೆಸರಿಗಿಳಿದು ಬಗ್ಗುವುದೇ ಅದಕ್ಕೆ ಮದ್ದು. ಮಲಗಿದ ಹೆಣ್ಣಿಗೆ ಅತ್ತೆಯಿಂದ ಮಾತು. ಹಗಲು ಹೊತ್ತು ಮಲಗುವುದೆಂದರೆ ಒಂದೋ ಬಾಣಂತಿ, ಇಲ್ಲವೇ ಸೋಮಾರಿ. ಅದು ನನ್ನ ಮೈಯೊಳಗೆ ಕೂತುಬಿಟ್ಟಿದೆ.

ಸೂಚನೆ ಇರಲಿಲ್ಲವೆಂದಲ್ಲ. ಮೊದಲೆಲ್ಲ ಹಾಡಿಕೊಂಡು ಮನೆಗೆ ಬರುತ್ತಿದ್ದವಳು ಚಪ್ಪಲಿ ಬಿಟ್ಟಲ್ಲೇ ಕೂರುತ್ತಿದ್ದಳು. ಸಣ್ಣ ಮಾತಿಗೆ ಸಿಟ್ಟು. ಬೆಳಗಿನ ನಾಡಿಬಡಿತ ಜಾಸ್ತಿ ತೋರಿಸುತ್ತಿದೆ ಎಂದು ಕೈಗಡಿಯಾರ ನೋಡಿ ಅಂದಿದ್ದಳು. ಇನ್ನೊಂದು ವಿಷಯ, ಬರೆಯಲು ಕೈ ಹಿಂಜರಿಯುತ್ತದೆ. ಅವಳು ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ನನಗೆ ಅದು ಗೊತ್ತಾಗಿತ್ತು. ಕೇಳಲಿಲ್ಲ. ನನ್ನ ತಲೆಗೆ ಬಂದದ್ದು ಬೇರೆಯೇ ಹೆದರಿಕೆ. ಕೇಳಿಬಿಟ್ಟರೆ ಅದು ನಿಜವಾದೀತು ಎಂದು ಬಾಯಿ ಕಟ್ಟಿಕೊಂಡೆ. ಮಗುವಿನ ಮೇಲೆ ಅಂಥ ಅನುಮಾನ ಪಟ್ಟದ್ದಕ್ಕೆ ಇಂದಿಗೂ ಅವಳ ಮುಖ ನೋಡುವಾಗ ಕಣ್ಣು ತಗ್ಗುತ್ತದೆ.

ಆ ಮಂಗಳವಾರ ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದೆ. ಏಳಲು ಆಗಲಿಲ್ಲ. ತೊಡೆ ಕಲ್ಲಿನಂತೆ ಬಿಗಿದು ಊದಿದ್ದವು. ಮುಟ್ಟಿದರೆ ಅಳುತ್ತಿದ್ದಳು. ಬೆಳಗಿನಿಂದ ಮತ್ತೆ ಮೂತ್ರ ಹೋಗಿರಲಿಲ್ಲ. ಪಕ್ಕದ ಮನೆಯ ಹುಲಿಗೆಮ್ಮ ಬಂದು ನೋಡಿ, ಎಣ್ಣೆಯ ಬಟ್ಟಲು ಆಚೆ ಸರಿಸಿ, ಆಟೋ ಕರೆದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಸಲೈನ್ ಹಾಕಿದರು. ಮೂತ್ರ ಇಳಿಯಲು ಕ್ಯಾಥೆಟರ್ ನಳಿಗೆ ಹಾಕಿದರು. ಸಂಜೆ ಡಾಕ್ಟ್ರಮ್ಮ ಬಂದು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಸ್ನಾಯುಗಳು ಒಳಗೇ ಒಡೆದು ಹೋಗಿವೆ. ಒಡೆದದ್ದು ರಕ್ತದಲ್ಲಿ ಸೇರಿ ಕಿಡ್ನಿಗೆ ಹೋಗಿ ಕಟ್ಟಿಕೊಳ್ಳುತ್ತಿದೆ.

ಕಿಡ್ನಿ.

ಆ ಶಬ್ದ ಕೇಳಿದ ಮೇಲೆ ಉಳಿದದ್ದು ಕೇಳಿಸಲಿಲ್ಲ.

ಬುಧವಾರ ಬೆಳಿಗ್ಗೆ ಮಗ, ಸೊಸೆ ಗಣಿ ಕಂಪನಿಯ ಬಸ್ಸಿನಲ್ಲಿ ಬಂದಿಳಿದರು. ಡಾಕ್ಟ್ರಮ್ಮ ಎಲ್ಲರೆದುರು ಕೇಳಿದರು: ಏನಾದರೂ ಮಾತ್ರೆ ತೆಗೆದುಕೊಂಡಿದ್ದಳೇ, ಜ್ವರವಿತ್ತೇ, ಓಡುವ ಮುಂಚೆ ಊಟ, ನೀರು ಸರಿ ಇತ್ತೇ? ಎಂದಿನಷ್ಟೇ ಓಡಿದವಳಿಗೆ ಹೀಗೇಕಾಯಿತು ಎಂದು ಅವರಿಗೆ ಹೊಂದಿಕೆಯಾಗುತ್ತಿರಲಿಲ್ಲ. ಪಲ್ಲವಿ ನನ್ನ ಕಡೆ ಒಮ್ಮೆ ನೋಡಿದಳು.

“ಎಲ್ಲಾ ತಿಂದೀನ್ರಿ, ಮೇಡಂ,” ಎಂದಳು.

ನಾನು ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಮಗ ಹೊರಗೆ ಹೋಗಿ ಸರ್‌ಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಹುಡುಗಿಯನ್ನು ಕುದುರೆ ಮಾಡಿದ್ದೀರಿ ಎಂದ. ಆ ಮನುಷ್ಯ ಸೋಮವಾರ ಪೂರ್ತಿ ರೆಸ್ಟ್ ಕೊಟ್ಟಿದ್ದೆನಲ್ಲ ಎಂದು ಹೇಳುತ್ತಲೇ ಇದ್ದರಂತೆ. ಅದನ್ನೂ ಕೇಳಿಸಿಕೊಂಡೆ. ಆಗಲೂ ಸುಮ್ಮನಿದ್ದೆ.

ಪೂರ್ತಿ ಒಂದು ದಿನ ಸುಮ್ಮನಿದ್ದೆ, ಮಕ್ಕಳೇ.

ನನಗೆ ಕೊಟ್ಟ ಕೆಲಸ ಮೂತ್ರದ ಚೀಲ ನೋಡುವುದು. ಗಂಟೆಗೊಮ್ಮೆ ಎಷ್ಟು ಬಂತೆಂದು ನರ್ಸ್ ಕೊಟ್ಟ ಹಾಳೆಯಲ್ಲಿ ಬರೆಯಬೇಕು. ಚೀಲದ ಮೇಲಿನ ಗೆರೆಗಳನ್ನು ಬಗ್ಗಿ ಓದುತ್ತಿದ್ದೆ. ಒಂದು ಗಂಟೆಯಲ್ಲಿ ಎರಡು ಚಮಚೆಯಷ್ಟೂ ಏರುತ್ತಿರಲಿಲ್ಲ. ಬಣ್ಣ ಕಂದು. ನನ್ನ ಜೀವಮಾನದಲ್ಲಿ ಯಾವ ದೇವರ ಮೂರ್ತಿಯನ್ನೂ ಆ ಚೀಲವನ್ನು ನೋಡಿದಷ್ಟು ಭಕ್ತಿಯಿಂದ ನೋಡಿಲ್ಲ.

ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ಸಂಖ್ಯೆ, ಒಂದರ ಸುತ್ತ ಇರಬೇಕಾದದ್ದು, ಗುರುವಾರ ಬೆಳಿಗ್ಗೆ ಮೂರು ದಾಟಿತು. ಡಾಕ್ಟ್ರಮ್ಮ ಮಗನಿಗೆ ಹೇಳಿದರು, ನಾಳೆಯೂ ಏರಿದರೆ ಬಳ್ಳಾರಿಗೆ ಕಳಿಸಬೇಕು, ಡಯಾಲಿಸಿಸ್ ಬೇಕಾಗಬಹುದು. ಗಿರಿಜಾ ಮಂಚದ ಮೇಲೆ ಮಗಳ ಪಕ್ಕ ಹೋಗಿ ಕೂತಳು. ಡಾಕ್ಟ್ರಮ್ಮ ತಿರುಗಿ ಹೊರಟರು. ನಾನು ಅವರ ಹಿಂದೆ ನಾಲ್ಕು ಹೆಜ್ಜೆ ಹೋದೆ. ಅವರ ಬಿಳಿ ಕೋಟಿನ ತುದಿ ಹಿಡಿದೆ.

“ಆಕಿ ಸುಳ್ಳು ಹೇಳ್ಯಾಳ್ರಿ. ಸೋಮವಾರ ಆಕಿ ಏನೂ ತಿಂದಿಲ್ಲ. ನಾನ ಉಪವಾಸ ಹಿಡಿಸೀನ್ರಿ.”

ಅವರು ನಿಂತರು. ಎಷ್ಟು ಸೋಮವಾರ ಎಂದು ಕೇಳಿದರು. ಒಂಬತ್ತು ಎಂದೆ. ನೀರು? ಇಲ್ಲ. ಏನು ಮಾಡಿಸಿದಿರಿ ಆ ದಿನ? ಈ ಸೋಮವಾರ ಬಿಸಿಲಲ್ಲಿ ಆರು ಕೌದಿ ಒಗೆದಳು ಎಂದೆ. ಆಮೇಲೆ ಮುಟ್ಟು ನಿಂತದ್ದನ್ನೂ ಹೇಳಿದೆ, ಮಗ ಅಲ್ಲೇ ನಿಂತಿದ್ದರೂ. ಒಮ್ಮೆ ಬಾಯಿ ಬಿಟ್ಟ ಮೇಲೆ ಯಾವುದನ್ನೂ ಹಿಡಿದಿಡಲು ಆಗಲಿಲ್ಲ.

ಡಾಕ್ಟ್ರಮ್ಮ ಬೈಯಲಿಲ್ಲ. ಫೈಲಿನಲ್ಲಿ ಬರೆದುಕೊಂಡರು. ಇನ್ನೆರಡು ರಕ್ತ ಪರೀಕ್ಷೆ ಹೇಳಿದರು. ಮೈಗೆ ಊಟ ಸಾಲದಾದಾಗ ಅದು ಮೊದಲು ಮುಟ್ಟನ್ನೇ ನಿಲ್ಲಿಸುತ್ತದೆ, ಬೇರೆ ಏನೂ ಅಲ್ಲ ಎಂದರು. ನನ್ನ ಮುಖ ನೋಡಿಯೇ ಆ ಮಾತು ಸೇರಿಸಿದರೇನೋ. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

“ಓಡಿದಾಗ ಮೈ ಹರಿತೈತ್ರಿ, ಅಮ್ಮ. ಹರಿದಿದ್ದನ್ನ ಹೊಲಕೊಳ್ಳೋದು ಓಡದ ದಿನ. ಅವತ್ತ ನೀವು ದಾರ ಕೊಡಲಿಲ್ಲ, ಮತ್ತೊಂದೀಟು ಹರಿಸಿದ್ರಿ.”

ನಿನ್ನೆಯೇ ಹೇಳಿದ್ದರೆ ಒಳ್ಳೆಯದಿತ್ತು ಎಂದೂ ಹೇಳಿದರು. ಅದು ನಿಜ.

ಮಗ ನನ್ನ ಹತ್ತಿರ ಬಂದ. “ನಂಗರ ಹೇಳಬೇಕಿತ್ತಬೇ,” ಎಂದ. ಅಷ್ಟೇ. ಆಮೇಲೆ ಸರ್‌ಗೆ ಫೋನು ಮಾಡಿ ತಪ್ಪಾಯಿತು ಎಂದ. ಆ ಎರಡು ಮಾತಿನ ನಡುವೆ ಅವನಿಗೆ ವಯಸ್ಸಾದಂತೆ ಕಂಡಿತು. ಗಿರಿಜಾ ನನ್ನ ಜೊತೆ ಆ ದಿನ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ನನ್ನ ಊಟದ ಡಬ್ಬಿ ಮಾತ್ರ ತಂದು ಪಕ್ಕದಲ್ಲಿಡುತ್ತಿದ್ದಳು.

ಸುಳ್ಳು ಯಾಕೆ ಹೇಳಿದೆ ಎಂದು ಪಲ್ಲವಿಯನ್ನು ಕೇಳಿದೆ. ತುಟಿ ಒಣಗಿತ್ತು. ಆದರೂ ನಕ್ಕಳು.

“ನಿನ್ನ ಎಲ್ಲಾರೂ ಬೈತಿದ್ರು. ನೀ ಬೈಸಿಕೊಂಡು ಗಪ್ಪ ಕುಂದರ್ತಿದ್ದಿ. ಅದನ್ನ ನೋಡಾಕ ನನಗ ಆಗಂಗಿಲ್ಲ.”

ಶುಕ್ರವಾರ ಆ ಸಂಖ್ಯೆ ಇನ್ನಷ್ಟು ಏರಿತು. ಸ್ವಲ್ಪವೇ. ಬಳ್ಳಾರಿಗೆ ಹೊರಡಲು ಬಟ್ಟೆ ಕಟ್ಟಿಟ್ಟೆವು. ಆದರೆ ಆ ಮಧ್ಯಾಹ್ನ ಚೀಲದಲ್ಲಿ ಗೆರೆ ಏರತೊಡಗಿತು. ಒಂದು ಗಂಟೆಯಲ್ಲಿ ಐವತ್ತು ಮಿಲಿ. ಮುಂದಿನ ಗಂಟೆಯಲ್ಲಿ ಎಂಬತ್ತು. ನನ್ನ ಕಣ್ಣನ್ನು ನಂಬದೆ ನರ್ಸನ್ನು ಕರೆದು ಓದಿಸಿದೆ. ಸಂಜೆ ಹೊತ್ತಿಗೆ ಬಣ್ಣ ತಿಳಿಯಾಗುತ್ತಾ ಬಂತು. ಡಾಕ್ಟ್ರಮ್ಮ ನೋಡಿ, ಇನ್ನೊಂದು ದಿನ ಕಾಯೋಣ ಎಂದರು. ಶನಿವಾರ ಕ್ರಿಯಾಟಿನಿನ್ ಇಳಿಯಿತು.

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಗಿರಿಜಾ ಬಂದು ಪಕ್ಕದಲ್ಲಿ ಕೂತಳು. “ಏಳ್ರಿ ಅತ್ತಿ, ಚಾ ಕುಡಿಯೋಣು,” ಎಂದಳು.

ಹತ್ತನೇ ದಿನ ಮನೆಗೆ ಬಂದೆವು. ಹರಕೆಯ ಉಳಿದ ಎರಡು ಸೋಮವಾರವನ್ನು ನಾನೊಬ್ಬಳೇ ಮುಗಿಸಿದೆ. ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ನಿಂತು, ಹುಡುಗಿಯದು ಏನಿದ್ದರೂ ನನ್ನ ತಲೆಗೆ ಹಾಕು, ಅವಳ ಊಟಕ್ಕೆ ಅಡ್ಡ ಬರಬೇಡ ಎಂದು ಕೇಳಿಕೊಂಡೆ. ದೇವರೊಂದಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಆರು ವಾರ ಪೂರ್ತಿ ವಿಶ್ರಾಂತಿ ಎಂದು ಬರೆದುಕೊಟ್ಟಿದ್ದರು. ನನಗೆ ಆಸ್ಪತ್ರೆಗಿಂತ ಇದು ಕಷ್ಟವಾಯಿತು. ಹಗಲು ಹನ್ನೊಂದಕ್ಕೆ ವಯಸ್ಸಿನ ಹುಡುಗಿ ಕಾಲು ಚಾಚಿ ಮಲಗಿರುತ್ತಾಳೆ. ಎಬ್ಬಿಸು ಎಂದು ನನ್ನೊಳಗೆ ಯಾರೋ ಹೇಳುತ್ತಲೇ ಇರುತ್ತಾರೆ. ಎರಡು ಸಲ ಎಬ್ಬಿಸಲು ಹೋಗಿ ಬಾಗಿಲಲ್ಲೇ ನಿಂತಿದ್ದೇನೆ. ಅವಳು ಉಸಿರಾಡುವುದನ್ನು ಎಣಿಸಿ ಹಿಂದೆ ಬಂದಿದ್ದೇನೆ. ಹೆದರಿಕೆ ಹೋಗಿಲ್ಲ. ಕಿಡ್ನಿ ಪೂರ್ತಿ ಸರಿಹೋಯಿತೋ ಇಲ್ಲವೋ ಎಂದು ಮೂರು ತಿಂಗಳ ಮೇಲೆ ಮತ್ತೆ ನೋಡಿ ಹೇಳುತ್ತಾರಂತೆ. ಮೊನ್ನೆಯಿಂದ ಅರ್ಧ ಗಂಟೆ ನಡೆಯಲು ಒಪ್ಪಿಗೆ ಸಿಕ್ಕಿದೆ. ಕಾಲುವೆ ಏರಿಯ ಮೇಲೆ ಅವಳು ನಡೆಯುವಾಗ ನಾನು ನೀರಿನ ಬಾಟಲಿ ಹಿಡಿದು ಹಿಂದೆ ಹೋಗುತ್ತೇನೆ. ಪುಣ್ಯಕ್ಕೆ ಈಗ ನನಗೆ ಅವಳ ಸಮಕ್ಕೆ ನಡೆಯಲು ಆಗುತ್ತದೆ. ಓಡುತ್ತಿದ್ದವಳು ಅಷ್ಟು ನಿಧಾನ ಆದದ್ದೇ ನನಗೆ ಹೆದರಿಕೆ ಕೂಡ.

ನಿನ್ನೆ ನಡೆದು ಬಂದು ಊಟ ಮಾಡಿದ ಮೇಲೆ ಕೇಳಿದಳು: “ಅಜ್ಜಿ, ಮತ್ತ ಓಡಲೇನು ನಾನು?”

ಬ್ಯಾಡ ಎಂದು ಬಾಯಿಗೆ ಬಂತು. ಅವಳ ಮುಖ ನೋಡಿ ಆಗಲಿಲ್ಲ.

“ಡಾಕ್ಟ್ರಮ್ಮನ್ನ ಕೇಳೋಣು,” ಎಂದೆ. “ಈಗ ಮಕ್ಕೋ.”

ಅವಳು ಮಲಗಿದಳು. ನಾನು ಬಾಗಿಲು ಮುಂದೆ ಮಾಡಿ ಕಟ್ಟೆಯ ಮೇಲೆ ಕೂತೆ. ಹುಲಿಗೆಮ್ಮ ಬಂದಳು. ಒಳಗೆ ಇಣುಕಿ, ಇನ್ನೂ ಜಡ್ಡು ಹೋಗಿಲ್ಲವೇ, ಮಟಮಟ ಮಧ್ಯಾಹ್ನ ಮಲಗಿದ್ದಾಳಲ್ಲ ಎಂದು ಗಟ್ಟಿಯಾಗಿಯೇ ಕೇಳಿದಳು.

“ಮೆಲ್ಲಕ ಮಾತಾಡವ್ವ,” ಎಂದೆ. “ಆಕಿಗೆ ಇವತ್ತಿನ ಕೆಲಸ ಮಲಗೋದ ಐತಿ.”

ಹುಲಿಗೆಮ್ಮ ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಸದ್ದಾಗದಂತೆ ಬಿಟ್ಟು, ನನ್ನ ಪಕ್ಕ ಬಂದು ಕೂತಳು.