ಮೋಟು ಹಿಡಿಯ ಕೋವಿ

ದುಬೈಯ ಊದ್ ಮೇಥಾದ ಶಾಲೆಯೊಂದರ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ಮಾಡುತ್ತಲೇ ಅಮ್ಮಣ್ಣಿಯ ತಲೆಗೂದಲು ಬೆಳ್ಳಗಾಗಿತ್ತು. ಆಳು ಗಿಡ್ಡ, ದನಿ ಮಾತ್ರ ಬಸ್ಸಿನ ಹಾರ್ನಿಗೆ ಸಮ. ಅವಳು ಒಮ್ಮೆ ಹಿಂದೆ ತಿರುಗಿ ಕಣ್ಣು ಬಿಟ್ಟರೆ ಸಾಕು, ಕೊನೇ ಸಾಲಿನ ಮೀಸೆ ಮೂಡಿದ ಹುಡುಗರೂ ತೆಪ್ಪಗೆ ಬೆಲ್ಟು ಹಾಕಿಕೊಳ್ಳುತ್ತಿದ್ದರು. ಇಂಥ ಹೆಂಗಸಿಗೆ ಊರಿನಲ್ಲಿ ಸ್ವಂತ ಕೋವಿಯೊಂದಿದೆ ಎಂಬ ಸುದ್ದಿ ಆ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳ ಕೆಲಸ ಇನ್ನಷ್ಟು ಹಗುರವಾಗುತ್ತಿತ್ತು.

ಕೋವಿ ಅವಳ ಅಪ್ಪ ಬೆಳ್ಯಪ್ಪ ಗೌಡರದು. ಒಂಟಿ ನಳಿಗೆಯದು. ಮರಗೆಣಸು ಅಗೆಯಲು ಬರುವ ಹಂದಿಗಳನ್ನು ಬೆದರಿಸಲೆಂದು ಪುತ್ತೂರು ಕಡೆಯ ಕೃಷಿಕರಿಗೆ ಸರಕಾರ ಲೈಸೆನ್ಸು ಕೊಡುತ್ತದಲ್ಲ, ಆ ಬಾಬತ್ತಿನದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕುಳಿತು, ಚುನಾವಣೆ ಮುಗಿದ ಮೇಲೆ ಮನೆಗೆ ಬರುವುದು ಅದರ ರೂಢಿ. ಅಪ್ಪ ತೀರಿಕೊಂಡ ಮೇಲೆ ಅದು ಪುತ್ತೂರಿನ ಆಲ್ಫೋನ್ಸರ ಕೋವಿ ಅಂಗಡಿಯಲ್ಲಿ ಡೆಪಾಸಿಟ್ ಆಗಿ ಬಿದ್ದಿತ್ತು. ಅಪ್ಪನಿಗೆ ಅಮ್ಮಣ್ಣಿ ಒಬ್ಬಳೇ ಮಗಳು. ರಜೆಗೆ ಹೋದಾಗಲೆಲ್ಲ ಕಚೇರಿಯಿಂದ ಕಚೇರಿಗೆ ಅಲೆದು, ಅಂತೂ ಇಂತೂ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು.

ಅದು ೨೦೧೬ರ ಚಳಿಗಾಲ. ಅವಳ ಗಂಡ ಪೂವಪ್ಪ ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಕೆಲಸಗಾರರನ್ನು ಸಾಗಿಸುವ ಬಸ್ಸುಗಳ ಸೂಪರ್‌ವೈಸರ್. ಅವನಿಗೆ ಅರವತ್ತು ತುಂಬುತ್ತಿತ್ತು, ವೀಸಾ ಮುಗಿಯುತ್ತಿತ್ತು. ಶಾಲೆಯ ಪರೀಕ್ಷೆ ಕಳೆದ ಕೂಡಲೇ ಇಬ್ಬರೂ ಊರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಪ್ಪ ಕೊಟ್ಟ ಜಾಗದಲ್ಲಿ ಹೊಸ ತಾರಸಿ ಮನೆ ಸಿದ್ಧವಾಗಿ ನಿಂತಿತ್ತು. ಕರಾಮಾದ ಫ್ಲ್ಯಾಟಿನಲ್ಲಿ ಕಾರ್ಗೋ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದಾಗ ಆಲ್ಫೋನ್ಸರ ಫೋನು ಬಂತು.

"ಅಮ್ಮಣ್ಣಿ, ನಳಿಗೆಗೆ ಎಂತ ಆಗ್ಲಿಲ್ಲ. ಮರದ ಹಿಡಿ ಮಾತ್ರ ಕುತ್ತಿಗೆಯಲ್ಲಿ ಸೀಳಿದೆ. ಅದರಲ್ಲಿ ಹೊಡೆದರೆ ಕೈ ಹೋದೀತು. ಹೊಸತು ಹಾಕ್ಲೇಬೇಕು. ಹೆಗಲಿಗೆ ಕೊಡುವಂಥ ಮರವೇ ಹಾಕುದಾ, ಈಗಿನವರು ಕೇಳುವ ಪಿಸ್ತೂಲು ಹಿಡಿ ಹಾಕುದಾ ಹೇಳಿ."

ಈ ಪ್ರಶ್ನೆ ಮಗ ಸುಶಾಂತನ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಅವನು ಜುಮೇರಾ ಲೇಕ್ ಟವರ್ಸಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿದ್ದ. ಲೋಕದಲ್ಲಿ ಏನೇನು ಕೆಟ್ಟದ್ದು ಆಗಬಹುದೋ ಅದನ್ನೆಲ್ಲ ಯೋಚಿಸುವುದೇ ಅವನ ಸಂಬಳದ ಕೆಲಸ. ಹೊಸ ಮನೆಯ ಆಸುಪಾಸಿನಲ್ಲಿ ಎರಡು ಕಡೆ ಕಳ್ಳರು ನುಗ್ಗಿದ್ದರೆಂದು ಕೇಳಿದಂದಿನಿಂದ ಅವನಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

"ಅಮ್ಮ, ಪಿಸ್ತೂಲ್ ಗ್ರಿಪ್ಪೇ ಬೆಸ್ಟ್. ಕೋವಿ ಚಿಕ್ಕದಾಗ್ತದೆ, ಪ್ಯಾಸೇಜಿನಲ್ಲಿ ತಿರುಗಿಸ್ಲಿಕ್ಕೆ ಸುಲಭ. ನಿನ್ನ ಬಲದ ಹೆಗಲು ಬೇರೆ ಹಿಡಿದಿದೆ. ಉದ್ದದ್ದು ಹೆಗಲಿಗೆ ಒದ್ದರೆ ನೀನು ಮತ್ತೆ ಫಿಸಿಯೋ ಅಂತ ಓಡ್ಬೇಕು."

ಅವನು ಸುಳ್ಳು ಹೇಳಿರಲಿಲ್ಲ. ನಿದ್ದೆಗಣ್ಣಿನ ಎಲ್‌ಕೆಜಿ ಮಕ್ಕಳನ್ನು ಎತ್ತಿ ಎತ್ತಿ ಅಮ್ಮಣ್ಣಿಯ ಹೆಗಲು ಕೆಟ್ಟಿತ್ತು. ಆದರೆ ಕೋವಿ ಎಂದರೆ ಅವಳಿಗೆ ಕಳ್ಳರ ನೆನಪಾಗುತ್ತಿರಲಿಲ್ಲ. ಮರದ ಹಿಡಿಗೆ ಕೆನ್ನೆ ಕೊಟ್ಟಾಗ ಬರುತ್ತಿದ್ದ ತೆಂಗಿನೆಣ್ಣೆಯ ಪರಿಮಳ, ಬೆನ್ನ ಹಿಂದೆ ನಿಂತು "ಉಸಿರು ಬಿಡಬೇಡ ಮಗಾ" ಎನ್ನುತ್ತಿದ್ದ ಅಪ್ಪ, ಇವು ನೆನಪಾಗುತ್ತಿದ್ದವು. ಊರಿನ ಹೆಣ್ಣುಮಕ್ಕಳಲ್ಲಿ ಹಾಗೆ ಕೋವಿ ಹಿಡಿದವಳು ಅವಳೊಬ್ಬಳೇ. ಕೆನ್ನೆ ಕೊಡಲು ಮರವೇ ಇಲ್ಲದ ಕೋವಿಯನ್ನು ಕಟ್ಟಿಕೊಂಡು ತಾನೇನು ಮಾಡಲಿ ಎಂದು ಅವಳ ಸಂಕಟ. ಹೆಗಲು ತಡೆಯದಿದ್ದರೆ ಉದ್ದ ಹಿಡಿ ಹಾಕಿಸಿಯೂ ಅದು ಗೋಡೆಗೆ ನೇತುಹಾಕುವ ಸಾಮಾನಷ್ಟೇ. ಆಗ ಆ ಜಾಗ ಬಿಟ್ಟರೆ ಅಪ್ಪನದೆಂದು ಅವಳ ಕೈಗೆ ಉಳಿಯುವುದು ಇನ್ನೇನೂ ಇರಲಿಲ್ಲ.

"ಇಬ್ಬರೂ ಬಾಯಿ ಮುಚ್ಚಿ. ಕ್ಲಬ್ಬಿಗೆ ಹೋಗಿ ಹೊಡೆದು ನೋಡುವ, ಖಲಾಸ್," ಎಂದ ಪೂವಪ್ಪ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಕೊಟ್ಟ ಬೆರಳೆಣಿಕೆಯ ತೀರ್ಪುಗಳಲ್ಲಿ ಇದೊಂದು.

ಶುಕ್ರವಾರ ಬೆಳಿಗ್ಗೆ ಮೂವರೂ ಸುಶಾಂತನ ಕಾರಿನಲ್ಲಿ ಅಬುಧಾಬಿ ದಾರಿಯಾಗಿ ಹೊರಟರು. ಮರಳಿನ ನಡುವೆ ಬೇಲಿ ಹಾಕಿದ ಶೂಟಿಂಗ್ ಕ್ಲಬ್ಬು. ಕೌಂಟರಿನಲ್ಲಿದ್ದ ಹುಡುಗಿ ಇವರ ಮಾತು ಕೇಳುತ್ತಲೇ ಹಲ್ಲು ಬಿಟ್ಟಳು. "ನೀವು ಪುತ್ತೂರಿನವರಾ ಆಂಟಿ? ನಾನು ಸೂಫಿಯಾ, ಉಪ್ಪಿನಂಗಡಿಯವಳು." ಅಲ್ಲಿ ಹೊಡೆಯಲು ಕಲಿಸುವವಳೂ ಅವಳೇ. ಊರಿನವಳು ಸಿಕ್ಕಿದ ಮೇಲೆ ಕೇಳಬೇಕೆ, ಕೋವಿಗಿಂತ ಮುಂಚೆ ಅತ್ತ ಕಡೆಯ ನೆಂಟರಿಷ್ಟರ ವಿಚಾರಣೆಯೆಲ್ಲ ಮುಗಿಯಿತು.

ಮೊದಲು ಸೂಫಿಯಾ ಉದ್ದ ಮರದ ಕೋವಿ ಕೊಟ್ಟಳು. ಅಮ್ಮಣ್ಣಿ ಎತ್ತಿದರೆ ಹಿಡಿಯ ತುದಿ ಕಂಕುಳಿಗೆ ಸಿಕ್ಕಿಕೊಂಡಿತು. ಹೇಗೋ ಬಿಡಿಸಿ ಹೆಗಲ ಅಂಚಿಗೆ ಇಟ್ಟು ಹೊಡೆದಳು. ಗುರಿಗೆ ನಿಲ್ಲಿಸಿದ್ದ ಕಬ್ಬಿಣದ ತಗಡು ಕದಲಲಿಲ್ಲ, ಹೆಗಲು ಮಾತ್ರ ಹರಿದಂತಾಯಿತು.

"ನೋಡಿದ್ಯಾ?" ಎಂದ ಸುಶಾಂತ. ಗೆದ್ದ ಖುಷಿ ಅವನ ಮುಖದಲ್ಲಿರಲಿಲ್ಲ, ಹೆದರಿಕೆಯೇ ಇತ್ತು.

ಕ್ಲಬ್ಬಿನಲ್ಲಿ ಪಿಸ್ತೂಲು ಹಿಡಿಯ ಕೋವಿಯೂ ಒಂದಿತ್ತು. "ಇದನ್ನು ಕೇಳುವವರು ಬಹಳ, ಎರಡನೇ ಸಲ ಕೇಳುವವರು ಕಡಿಮೆ," ಎಂದಳು ಸೂಫಿಯಾ. ಅಮ್ಮಣ್ಣಿ ಅದನ್ನು ಸೊಂಟದ ಹತ್ತಿರ ಹಿಡಿದು ಹೊಡೆದಳು. ಗುಂಡು ಎತ್ತ ಹೋಯಿತೋ, ಮರಳಿನ ದಿಬ್ಬಕ್ಕೇ ಗೊತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಜೋಮು ಹಿಡಿಯಿತು. "ಅಮ್ಮ ಸರಿ ಹಿಡೀಲಿಲ್ಲ," ಎಂದು ಸುಶಾಂತ ತಾನೇ ಮುಂದಾದ. ಅವನು ಹೊಡೆದ ಏಟಿಗೆ ಕೋವಿ ಎಗರಿ, ನಳಿಗೆ ಆಕಾಶ ನೋಡಿತು. ಅವನು ಕೈ ಕೊಡವುತ್ತಾ ಆಚೆ ಹೋಗಿ ನಿಂತ. ಆಮೇಲೆ ಪ್ಯಾಸೇಜಿನ ವಿಷಯ ಎತ್ತಲಿಲ್ಲ.

ಇನ್ನು ಗೋಡೆಯೇ ಗತಿ ಎಂದು ಅಮ್ಮಣ್ಣಿ ಬೆಂಚಿನ ಮೇಲೆ ಕುಸಿದಳು. ಅವಳಿಗೆ ಅಳು ಬಂದಿತ್ತು, ಮಗನೆದುರು ಅಳಲಾರದೆ ಸಿಡುಕುತ್ತಿದ್ದಳು.

ಸೂಫಿಯಾ ಬಂದು ಪಕ್ಕದಲ್ಲಿ ಕುಳಿತಳು. "ಆಂಟಿ, ಮೊಣಕೈ ಮಡಚಿ ನೋಡುವ." ಮಡಚಿದ ಮೊಣಕೈಯ ಒಳಮಗ್ಗುಲಿನಿಂದ ತೋರುಬೆರಳಿನ ತನಕ ಟೇಪು ಹಿಡಿದಳು. "ನಿಮ್ಮದು ಗಿಡ್ಡ ಕೈ. ಉದ್ದ ಹಿಡಿ ನಿಮಗೆ ಕೂರುದಿಲ್ಲ, ಕೂರದಿದ್ರೆ ಒದೀತದೆ. ಹೆಂಗಸರಿಗೆ, ಮಕ್ಕಳಿಗೆ ಅಂತ ಕೊಯ್ದು ಮೋಟು ಮಾಡಿದ್ದು ಬೇರೆ ಇದೆ."

ಆ ಮೋಟು ಹಿಡಿಯ ಕೋವಿ ಎತ್ತಿದೊಡನೆ ಹೆಗಲಿನ ಗುಳಿಗೆ ಬಂದು ಕೂತಿತು. ಕೆನ್ನೆ ತಾನಾಗಿ ಮರಕ್ಕೆ ಒರಗಿತು. ಅಮ್ಮಣ್ಣಿ ಉಸಿರು ಹಿಡಿದಳು. ತಗಡು ಠಣ್ಣೆಂದು ಹಿಂದಕ್ಕೆ ಬಿತ್ತು. ಪೂವಪ್ಪ ಚಪ್ಪಾಳೆ ತಟ್ಟಿದ, ಸುಶಾಂತ ಫೋಟೋ ತೆಗೆಯಲು ಮರೆತು ಬಾಯಿ ತೆರೆದು ನಿಂತ. ಹೆಗಲು ನೋಯಲೇ ಇಲ್ಲ.

"ನಂಗೂ ಒಂದು ಹೊಡೀಲಿಕ್ಕೆ ಕೊಡಿ," ಎಂದು ಪೂವಪ್ಪ ಕೈಚಾಚಿದ. ಅವನು ಆರಡಿ ಆಳು.

"ಇದು ಬೇಡ ಅಂಕಲ್. ಉದ್ದ ಜನ ಮೋಟು ಹಿಡಿಯಲ್ಲಿ ಹೊಡೆದ್ರೆ ಹೆಬ್ಬೆರಳೇ ಮೂತಿಗೆ ಬಂದು ಬಡೀತದೆ. ತುಟಿ ಒಡೀತದೆ," ಎಂದಳು ಸೂಫಿಯಾ.

ಅಮ್ಮಣ್ಣಿ ಕೋವಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅಪ್ಪನೂ ಆರಡಿ. ಹಂದಿ ಕಾಯಲು ಹೋದ ಮರುದಿನ ಅಪ್ಪನ ಮೇಲ್ದುಟಿ ಊದಿಕೊಂಡಿರುತ್ತಿತ್ತು. ಗೌಡರಿಗೆ ಹಂದಿ ಮುತ್ತು ಕೊಟ್ಟಿದೆ ಎಂದು ಊರವರು ನಗುತ್ತಿದ್ದರು, ಅವಳೂ ನಕ್ಕಿದ್ದಳು. ಅವಳಿಗೆ ಹದಿಮೂರೋ ಹದಿನಾಲ್ಕೋ ಆಗಿದ್ದಾಗ ಕೋವಿಯ ಹಿಡಿ ಇದ್ದಕ್ಕಿದ್ದಂತೆ ಗಿಡ್ಡವಾಗಿತ್ತು. ಗೆದ್ದಲು ಹಿಡಿದಿತ್ತು, ಅಷ್ಟು ಕೊಯ್ದು ತೆಗೆದೆ ಎಂದಿದ್ದರು ಅಪ್ಪ. ಅವಳು ಹೊಡೆಯಲು ಕಲಿತದ್ದೂ ಅಪ್ಪನ ತುಟಿ ಊದತೊಡಗಿದ್ದೂ ಅದರ ನಂತರ.

ವಾಪಸು ಬರುವ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲಿಂದಲೇ ಅವಳು ಆಲ್ಫೋನ್ಸರಿಗೆ ಫೋನು ಹಚ್ಚಿದಳು. ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆ ಅವರನ್ನು ಅವಳೂ ಅಪ್ಪನ ಹಾಗೆ ಪೊರ್ಬುಗಳೆಂದೇ ಕರೆಯುತ್ತಿದ್ದಳು.

"ಪೊರ್ಬುಗಳೇ, ಮರದ ಹಿಡಿಯೇ ಹಾಕಿ. ಆದ್ರೆ ಒಂದು ವಿಷಯ ಕೇಳ್ಬೇಕು. ಅಪ್ಪನ ಕೋವಿಗೆ ಗೆದ್ದಲು ಹಿಡಿದದ್ದು ಹೌದಾ?"

"ಎಂತ ಗೆದ್ದಲು ಮಾರಾಯ್ತಿ? ಒಳ್ಳೇ ಬೀಟೆ ಮರ ಅದು. ಕೊಯ್ದುಕೊಟ್ಟದ್ದು ನಾನೇ. ಹುಡುಗಿಗೆ ಆಗುವ ಹಾಗೆ ಮಾಡಿ ಅಂತ ನಿಮ್ಮಪ್ಪ ಎದುರು ಕೂತು ಕೊಯ್ಸಿದ್ರು." ಆಲ್ಫೋನ್ಸರು ಆಚೆಯಿಂದ ಕೆಮ್ಮಿದರು. "ನೀವು ಮದುವೆಯಾಗಿ ದುಬೈಗೆ ಹೋದ ಮೇಲೆ ನಾನೆಷ್ಟು ಸಲ ಹೇಳಿದ್ದೇನೆ. ಹಿಂದೆ ಒಂದು ತುಂಡು ಸೇರಿಸಿ ಉದ್ದ ಮಾಡಿ ಕೊಡ್ತೇನೆ ಗೌಡ್ರೇ, ಮೂತಿಗೆ ಪೆಟ್ಟು ತಿನ್ನುದು ತಪ್ತದೆ ಅಂತ. ಅವರು ಕೇಳ್ಬೇಕಲ್ಲ! ಮಗಳು ರಜೆಗೆ ಬರ್ತಾಳೆ ಪೊರ್ಬುಗಳೇ, ಅವಳಿಗೆ ಉದ್ದ ಆಗ್ತದೆ, ಹಾಗೇ ಇರ್ಲಿ ಅಂತ. ಕೊನೆಯವರೆಗೂ ಹಾಗೇ ಹೊಡೆದ್ರು."

ಎರಡು ವರ್ಷಕ್ಕೊಮ್ಮೆ ಅವಳು ರಜೆಗೆ ಹೋಗುತ್ತಿದ್ದಳು. ಹೋದ ದಿನ ಅಪ್ಪ ಕೋವಿಯನ್ನು ಕೆಳಗಿಳಿಸಿ, ಎಣ್ಣೆ ಹಚ್ಚಿ ಒರೆಸಿ, ಜಗಲಿಯ ಬೆಂಚಿನ ಮೇಲೆ ಇಟ್ಟಿರುತ್ತಿದ್ದರು. ಮದುವೆ, ಮುಂಜಿ, ನೆಂಟರಿಗೆ ಹಂಚುವ ಚಾಕಲೇಟು, ಸೀರೆ, ಸೆಂಟಿನ ಬಾಟಲಿಗಳ ಗಡಿಬಿಡಿಯಲ್ಲಿ ಅವಳು ಅದನ್ನು ಆಚೆ ಸರಿಸಿ, ಬೆಂಚಿನ ಮೇಲೆ ಸೂಟ್‌ಕೇಸು ಬಿಚ್ಚುತ್ತಿದ್ದಳು. ದುಬೈಗೆ ಬಂದ ಮೇಲೆ ಒಂದೇ ಒಂದು ರಜೆಯಲ್ಲಿಯೂ ಅವಳು ಆ ಕೋವಿಯಿಂದ ಗುಂಡು ಹೊಡೆದಿರಲಿಲ್ಲ.

"ಹಲೋ, ಅಮ್ಮಣ್ಣಿ? ಲೈನಿನಲ್ಲಿ ಇದ್ದೀರಾ? ಹೊಸ ಹಿಡಿಗೆ ಅಳತೆ ಎಷ್ಟು ಹೇಳಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಪೂವಪ್ಪ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದು ನಿಂತಿದ್ದ, ಏನಾಯಿತೆಂದು ಅವನಿಗೆ ತಿಳಿದಿರಲಿಲ್ಲ.

"ಅಪ್ಪ ಕೊಯ್ಸಿದ್ದೇ ಅಳತೆ," ಎಂದಳು ಅಮ್ಮಣ್ಣಿ. "ಈ ಸಲ ಬಂದು ಹೊಡೀತೇನೆ."